ಚಿತ್ರಕಥೆಯ ಪಾಠ ಮತ್ತು ಬಯಲಾಟದ ಮಾಸ್ತರ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಸಿನಿಮಾ ಮತ್ತು ಕಿರುತೆರೆಗೆ ಬಹುಕಾಲ ಬರೆದು ಕೈ ಪಳಗಿಸಿಕೊಂಡ ಲೇಖಕರು ಕಾಲೇಜಿನ ತರಗತಿಗೆ ಬಂದು ಚಿತ್ರಕಥೆಯ ರಚನೆಯನ್ನು ಕಲಿಸುವುದು ಸ್ವಾಗತಾರ್ಹವಾದ ಬೆಳವಣಿಗೆ. ಸಾಹಿತ್ಯದ ವಿದ್ಯಾರ್ಥಿಗೆ ಬರವಣಿಗೆಯ ಇನ್ನೊಂದು ದಾರಿ ಇದರಿಂದ ತೆರೆಯುತ್ತದೆ. ಆದರೆ ಇಂತಹ ಪಾಠವನ್ನು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಲಾ ಕಾಲೇಜುಗಳ ಮುಂದಿಟ್ಟು ನೋಡಿದಾಗ ಎರಡು ಪ್ರಶ್ನೆಗಳು ಏಳುತ್ತವೆ. ಅನುಭವಿ ಲೇಖಕರು ತರಗತಿಗೆ ನಿಜವಾಗಿ ತರುವುದೇನು? ಅವರು ಬರುವುದಕ್ಕಿಂತ ಮೊದಲೇ ಈ ನೆಲದಲ್ಲಿ ಕಥೆ ಕಟ್ಟುವುದನ್ನು ಕಲಿಸುತ್ತಿದ್ದವರು ಯಾರು? ಈ ಎರಡನ್ನೂ ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕಲಿಕೆಯ ಹಿನ್ನೆಲೆ

ಕರ್ನಾಟಕದಲ್ಲಿ ಚಲನಚಿತ್ರ ಶಿಕ್ಷಣ ತಂತ್ರಜ್ಞಾನದಿಂದ ಆರಂಭವಾಯಿತು, ಬರವಣಿಗೆಯಿಂದಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣವನ್ನು ಕಲಿಸಲಾಗುತ್ತಿತ್ತು. ವಿ. ಕೆ. ಮೂರ್ತಿ, ಗೋವಿಂದ ನಿಹಲಾನಿ ಮೊದಲಾದವರು ಅಲ್ಲಿ ಕಲಿತವರು. ಚಿತ್ರಕಥೆ ಕಲಿಸಬಹುದಾದ ವಿದ್ಯೆ ಎಂಬ ಭಾವನೆ ನಮ್ಮಲ್ಲಿ ತಡವಾಗಿ ಬೆಳೆಯಿತು. 1960ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ನಾಟಕಕಾರ ಗಿರೀಶ ಕಾರ್ನಾಡರು 1974-75ರಲ್ಲಿ ನಿರ್ದೇಶಕರಾಗಿದ್ದರು. ಅಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ವನ್ನು ನಿರ್ದೇಶಿಸಿದರು. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಚಲನಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿ, ಸಿನಿಮಾದ ಗಂಭೀರ ಅಧ್ಯಯನಕ್ಕೆ ನಗರವೇ ಬೇಕಿಲ್ಲವೆಂಬುದನ್ನು ತೋರಿಸಿಕೊಟ್ಟರು. ಸತೀಶ್ ಬಹಾದೂರ್ ಅವರಂತಹ ಅಧ್ಯಾಪಕರು ಹಳ್ಳಿಯ ಪ್ರೇಕ್ಷಕರಿಗೆ ಸಿನಿಮಾ ನೋಡುವ ಬಗೆಯನ್ನು ಕಲಿಸಿದರು.

ಕಾಲೇಜಿನ ಪಾಠವನ್ನೂ ಸಿನಿಮಾದ ಬರವಣಿಗೆಯನ್ನೂ ಒಟ್ಟಿಗೆ ನಡೆಸಿದ ಕನ್ನಡದ ಅಧ್ಯಾಪಕರೂ ಇದ್ದಾರೆ. ಜಾನಪದ ವಿದ್ವಾಂಸರಾದ ಚಂದ್ರಶೇಖರ ಕಂಬಾರರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಲೇ ‘ಕಾಡು ಕುದುರೆ’, ‘ಸಂಗೀತಾ’ ಚಿತ್ರಗಳನ್ನು ಮಾಡಿದರು. ಬರಗೂರು ರಾಮಚಂದ್ರಪ್ಪ, ನಾಗತಿಹಳ್ಳಿ ಚಂದ್ರಶೇಖರ ಇವರೂ ಅಧ್ಯಾಪನದ ಹಿನ್ನೆಲೆಯಿಂದ ಬಂದ ನಿರ್ದೇಶಕರು. ನಾಗತಿಹಳ್ಳಿಯವರು ಮುಂದೆ ‘ಟೆಂಟ್ ಸಿನಿಮಾ’ ಎಂಬ ಶಾಲೆಯನ್ನೇ ಕಟ್ಟಿದರು. ಕಿರುತೆರೆಯಲ್ಲಿ ಕಲಿಕೆ ಕೆಲಸದೊಳಗೇ ನಡೆಯಿತು. 1998ರ ‘ಮಾಯಾಮೃಗ’ ಧಾರಾವಾಹಿಯಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆಯಾಗಿ ದುಡಿದರು. ದಿನದ ಕಂತು ದಿನಕ್ಕೆ ಸಿದ್ಧವಾಗಬೇಕಾದ ಆ ಒತ್ತಡವೇ ಅನೇಕರಿಗೆ ಗುರುವಾಯಿತು. ಆದರೆ ಈ ಪರಂಪರೆಯ ಬಹುಪಾಲು ಬೆಂಗಳೂರು, ಪುಣೆ ಮತ್ತು ಮಲೆನಾಡುಗಳಲ್ಲಿ ಬೆಳೆದದ್ದು. ತುಂಗಭದ್ರಾ ಎಡದಂಡೆಯ ಗದ್ದೆಸೀಮೆಗೂ ಹಟ್ಟಿಯ ಚಿನ್ನದ ಗಣಿಯ ಸೀಮೆಗೂ ಅದು ಬಂದದ್ದು ವಿರಳ.

2. ಈ ನೆಲದ ಕಥನಗುರುಗಳು

ಈ ಸೀಮೆಯಲ್ಲಿ ಕಥೆಯನ್ನು ದೃಶ್ಯವಾಗಿ ಕಟ್ಟುವ ವಿದ್ಯೆಗೆ ದೀರ್ಘ ಪರಂಪರೆಯಿದೆ. ಅದರಲ್ಲಿ ಮುಖ್ಯವಾದುದು ದೊಡ್ಡಾಟ. ಸುಗ್ಗಿ ಮುಗಿದ ಮೇಲೆ ಊರವರು ಮಾಸ್ತರರನ್ನು ಕರೆಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಅಟ್ಟ ಕಟ್ಟಿ ಆಟವಾಡಿಸುವುದು ರೂಢಿ. ಮಾಸ್ತರರ ಕೈಯಲ್ಲಿ ಆಟದ ಪುಸ್ತಕವಿರುತ್ತದೆ. ಆದರೆ ಅವರು ಪುಸ್ತಕದಿಂದ ಆರಂಭಿಸುವುದಿಲ್ಲ. ಮುಂದೆ ನಿಂತ ಒಕ್ಕಲಿಗನ ಕಂಠ ಎಂಥದು, ನೆನಪು ಎಷ್ಟು, ಹೆಜ್ಜೆಯ ಗತ್ತು ಹೇಗಿದೆ ಎಂಬುದನ್ನು ಮೊದಲು ಅಳೆಯುತ್ತಾರೆ. ಕಂಠವಿದ್ದವನಿಗೆ ಪದ ಹೆಚ್ಚುತ್ತದೆ, ಇಲ್ಲದವನಿಗೆ ಮಾತು ಹೆಚ್ಚುತ್ತದೆ. ನಡುರಾತ್ರಿ ಕಳೆದು ಜನ ತೂಕಡಿಸುವ ಹೊತ್ತಿಗೆ ಯಾವ ಪಾತ್ರ ಬರಬೇಕು, ಬೆಳಗಿನ ಜಾವಕ್ಕೆ ಏನನ್ನು ಕೈಬಿಡಬೇಕು ಎಂಬ ಲೆಕ್ಕ ಅವರಿಗೆ ಕರತಲಾಮಲಕ.

ಇಲ್ಲಿ ಸಾರಥಿಯ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಪಾತ್ರಧಾರಿ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ತಡೆದು ವಿಚಾರಿಸುತ್ತಾನೆ. ತಾವು ಯಾರು, ಯಾವ ಪಟ್ಟಣ, ಬಂದ ಕಾರಣವೇನು ಎಂಬುದು ಆ ವಿಚಾರಣೆಯ ತಿರುಳು. ಚಿತ್ರಕಥೆಯ ಪಾಠದಲ್ಲಿ ಪ್ರತಿ ಪಾತ್ರದ ಬಗ್ಗೆ ಕೇಳಿಕೊಳ್ಳಬೇಕೆಂದು ಹೇಳುವ ಮೊದಲ ಪ್ರಶ್ನೆಗಳೂ ಇವೇ. ವ್ಯತ್ಯಾಸವಿಷ್ಟೆ: ಸಿನಿಮಾ ಲೇಖಕ ಉತ್ತರವನ್ನು ತಾನು ತಿಳಿದುಕೊಂಡು ಪ್ರೇಕ್ಷಕರಿಂದ ಸ್ವಲ್ಪ ಮರೆಮಾಡುತ್ತಾನೆ, ಸಾರಥಿ ಎಲ್ಲರ ಎದುರಿಗೇ ಕೇಳಿಸುತ್ತಾನೆ.

ಮುದಗಲ್ಲಿನ ಮೊಹರಂ ಇನ್ನೊಂದು ಪಾಠಶಾಲೆ. ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಈ ಅಲಾಯಿ ಹಬ್ಬದ ಕಾಲಕ್ಕೆ ಕರ್ಬಲೆಯ ಕಥೆ ಕನ್ನಡದ ರಿವಾಯತ್ ಪದಗಳಾಗಿ ಕೇಳಿಬರುತ್ತದೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು; ಆದರೂ ಕೇಳುಗರು ಕದಲುವುದಿಲ್ಲ. ಕುತೂಹಲವೆಂದರೆ ಮುಂದೇನಾಗುವುದೋ ಎಂಬುದಷ್ಟೇ ಅಲ್ಲ, ಹೇಗಾಗುವುದೋ ಎಂಬುದು ಸಹ ಎಂಬ ತಿಳಿವಳಿಕೆ ಇದರಲ್ಲಿದೆ. ಹಗಲುವೇಷಗಾರರ ಕ್ರಮವಂತೂ ಧಾರಾವಾಹಿಗೆ ತೀರ ಸಮೀಪದ್ದು. ಅವರು ಒಂದು ಊರಿನಲ್ಲಿ ಬಿಡಾರ ಹೂಡಿ, ದಿನಕ್ಕೊಂದು ವೇಷ ಕಟ್ಟಿ, ಕಡೆಯ ದಿನ ಸಂಭಾವನೆ ಎತ್ತುತ್ತಾರೆ. ಮರುದಿನವೂ ಜನ ಬಾಗಿಲಿಗೆ ಬರುವಂತೆ ಇಂದಿನ ವೇಷವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅವರ ಹೊಟ್ಟೆಪಾಡಿನ ಪ್ರಶ್ನೆ. ಬರಗೂರರ ‘ಹಗಲುವೇಷ’ (2000) ಚಿತ್ರ ಈ ಕಲಾವಿದರನ್ನು ತೆರೆಯ ಮೇಲೆ ತಂದಿತು. ಆದರೆ ಅವರ ಕಥನಕ್ರಮ ಚಿತ್ರಕಥೆಯ ಪಾಠದೊಳಗೆ ಇನ್ನೂ ಬಂದಿಲ್ಲ.

3. ಪಾಠದ ಮಿತಿಗಳು

ಚಿತ್ರಕಥೆಯ ಬೋಧನೆಯಲ್ಲಿ ಮೂರು ಸ್ತರಗಳನ್ನು ಗುರುತಿಸಬಹುದು. ಮೊದಲನೆಯದು ಬರೆಯುವ ನಮೂನೆ: ದೃಶ್ಯಸಂಖ್ಯೆ, ಒಳಾಂಗಣ ಹೊರಾಂಗಣ, ಹಗಲು ರಾತ್ರಿ ಇತ್ಯಾದಿ. ಎರಡನೆಯದು ಕಥೆಯ ಕಟ್ಟು: ಸಿಡ್ ಫೀಲ್ಡ್ 1979ರ ತಮ್ಮ ಪುಸ್ತಕದಲ್ಲಿ ಪ್ರಚುರಪಡಿಸಿದ ಮೂರು ಅಂಕಗಳ ವಿನ್ಯಾಸದಂತಹವು. ಮೂರನೆಯದು ವಿವೇಚನೆ: ಎಲ್ಲಿ ಮಾತು ನಿಲ್ಲಿಸಬೇಕು, ಯಾವ ದೃಶ್ಯ ಚೆನ್ನಾಗಿದ್ದರೂ ಕಿತ್ತುಹಾಕಬೇಕು ಎಂಬುದು. ಮೊದಲ ಎರಡನ್ನು ಪುಸ್ತಕದಿಂದ ಕಲಿಯಬಹುದು. ಮೂರನೆಯದು ಮಾತ್ರ ಅನುಭವಿಯ ಸಹವಾಸದಿಂದ ಬರುವಂಥದು. ಹೀಗಿರುವಾಗ ಎರಡು ಮೂರು ದಿನಗಳ ಶಿಬಿರದಲ್ಲಿ ಅನುಭವಿ ಲೇಖಕರ ಸಮಯ ಮೊದಲ ಎರಡು ಸ್ತರಗಳಿಗೇ ವ್ಯಯವಾಗಿ, ಮೂರನೆಯದು ಚಹಾದ ಬಿಡುವಿನ ಮಾತುಕತೆಗೆ ಉಳಿಯುವುದು ವಿಪರ್ಯಾಸ. ಇದು ಲೇಖಕರ ದೋಷವಲ್ಲ, ಏರ್ಪಾಡಿನ ದೋಷ.

ಎರಡನೆಯ ಮಿತಿ ಭಾಷೆಗೆ ಸಂಬಂಧಿಸಿದ್ದು. ಸಿಂಧನೂರಿನ ತರಗತಿಯಲ್ಲಿ ಉರ್ದು, ತೆಲುಗು ಬೆರೆತ ಕನ್ನಡವನ್ನಾಡುವವರಿದ್ದಾರೆ. ಲಂಬಾಣಿ ತಾಂಡಾದಿಂದ ಬಂದವರಿದ್ದಾರೆ. ನೆರೆಯ ಪುನರ್ವಸತಿ ಕ್ಯಾಂಪುಗಳಿಂದ ಬರುವ ಬಂಗಾಳಿ ಮನೆಮಾತಿನವರಿದ್ದಾರೆ. ಇವರು ಚಿತ್ರಕಥೆ ಬರೆಯಲು ಕುಳಿತೊಡನೆ ಪಾತ್ರಗಳು ಬೆಂಗಳೂರಿನ ಧಾರಾವಾಹಿಯ ಕನ್ನಡವನ್ನಾಡತೊಡಗುತ್ತವೆ. ಊರಿನ ಮಾತು ಬಂದರೆ ಅದು ನಗೆಪಾತ್ರಕ್ಕೆ. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ನೋಡಿ ಕಲಿತದ್ದು. ತನ್ನ ತಾಯಿ ಅಳುವ ಭಾಷೆಯಲ್ಲಿ ದುಃಖದ ದೃಶ್ಯ ಬರೆಯಲಾಗದೆಂದು ವಿದ್ಯಾರ್ಥಿ ನಂಬಿಬಿಟ್ಟರೆ, ಆತನಿಗೆ ಕಲಿಸಿದ ಯಾವ ಕಟ್ಟೂ ಉಪಯೋಗಕ್ಕೆ ಬಾರದು.

ಈ ನಂಬಿಕೆಯನ್ನು ಅಲ್ಲಗಳೆಯುವ ಉದಾಹರಣೆಗಳು ನಮ್ಮಲ್ಲೇ ಇವೆ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನಾಧರಿಸಿ ಕಾರ್ನಾಡರು ಬರೆದ ‘ನಾಗಮಂಡಲ’ವನ್ನು ಟಿ. ಎಸ್. ನಾಗಾಭರಣ 1997ರಲ್ಲಿ ತೆರೆಗೆ ತಂದಾಗ, ಗೋಪಾಲ ವಾಜಪೇಯಿಯವರು ಉತ್ತರ ಕರ್ನಾಟಕದ ಮಾತಿನಲ್ಲಿ ಅದರ ಸಂಭಾಷಣೆಯನ್ನು ಬರೆದರು. ‘ತಿಥಿ’ಯಲ್ಲಿ ರಾಮ್ ರೆಡ್ಡಿ ಮತ್ತು ಈರೇಗೌಡ ಮಂಡ್ಯ ಸೀಮೆಯ ಹಳ್ಳಿಗರನ್ನೇ ಪಾತ್ರಗಳಾಗಿಸಿ ಅವರ ಮಾತಿನ ಲಯದಲ್ಲಿ ಕಥೆ ಕಟ್ಟಿದರು. 2024ರಲ್ಲಿ ಬಿಡುಗಡೆಯಾದ ಉತ್ಸವ್ ಗೋನವಾರ ನಿರ್ದೇಶನದ ‘ಫೋಟೋ’ ಇನ್ನೂ ಹತ್ತಿರದ ನಿದರ್ಶನ. ಕೊರೊನಾ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ನಡೆದು ಹೊರಟ ರಾಯಚೂರು ಸೀಮೆಯ ತಂದೆ ಮಗನ ಕಥೆಯದು. ನಗೆಗೆ ಮೀಸಲಾಗಿದ್ದ ಮಾತು ಅಲ್ಲಿ ಸಂಕಟದ ಮಾತಾಗಿದೆ. ಈ ಮೂರು ತಾಲೂಕುಗಳ ಪಠ್ಯದಲ್ಲಿ ಮೊದಲು ಇರಬೇಕಾದ ಚಿತ್ರ ಇದು.

4. ಒಂದು ಆಕ್ಷೇಪ, ಕೆಲವು ಸೂಚನೆಗಳು

ದೊಡ್ಡಾಟದ ಮಾಸ್ತರರು ಚಿತ್ರಕಥೆಯ ಗುರುವಾಗಬಲ್ಲರೆ ಎಂಬ ಆಕ್ಷೇಪ ನ್ಯಾಯವಾದುದೇ. ದೊಡ್ಡಾಟ ಬಯಲಿನ ಕಲೆ. ದೂರದ ಕೊನೆಯವನಿಗೂ ಕೇಳುವಂತೆ ಅಲ್ಲಿ ಎಲ್ಲವೂ ದೊಡ್ಡದಾಗಬೇಕು. ಕ್ಯಾಮೆರಾ ಮುಖದ ಹತ್ತಿರ ಬಂದು ನಿಲ್ಲುತ್ತದೆ. ಕಣ್ಣಿನ ಒಂದು ಚಲನೆಗೆ ಹತ್ತು ಮಾತನ್ನು ಬಿಟ್ಟುಕೊಡುವ ಸಂಯಮವನ್ನು ಮಾಸ್ತರರು ಕಲಿಸಲಾರರು. ಅದನ್ನು ಸಿನಿಮಾ ಲೇಖಕರೇ ಕಲಿಸಬೇಕು. ಜನಪದವೆಂದ ಮಾತ್ರಕ್ಕೆ ಎಲ್ಲವೂ ತೆರೆಗೆ ಒಗ್ಗುತ್ತದೆಂಬ ಭ್ರಮೆ ಜಾನಪದ ವಿದ್ವಾಂಸರಾದ ನಮಗೂ ಬೇಡ. ಆದ್ದರಿಂದ ಪ್ರಸ್ತುತ ಲೇಖನದ ಒತ್ತಾಯ ಒಬ್ಬರ ಬದಲಿಗೆ ಇನ್ನೊಬ್ಬರನ್ನು ಕೂರಿಸುವುದಕ್ಕಲ್ಲ, ಇಬ್ಬರನ್ನೂ ಒಂದೇ ತರಗತಿಯಲ್ಲಿ ಕೂರಿಸುವುದಕ್ಕೆ.

ಮಾಡಬಹುದಾದ ಕೆಲಸಗಳು ಸರಳವಾಗಿಯೇ ಇವೆ. ವಿದ್ಯಾರ್ಥಿ ಬರೆದ ಪಾತ್ರವನ್ನು ಸಾರಥಿಯ ವಿಚಾರಣೆಗೆ ಒಡ್ಡಬೇಕು. ನಂತರ ಆ ಉತ್ತರಗಳಲ್ಲಿ ಯಾವುದನ್ನು ಬಾಯಿಂದ ಹೇಳಿಸದೆ ತೋರಿಸಬಹುದೆಂಬುದನ್ನು ಸಿನಿಮಾ ಲೇಖಕರು ತಿದ್ದಿಕೊಡಬೇಕು. ಬರೆದ ದೃಶ್ಯವನ್ನು ಊರಿನ ಕಟ್ಟೆಯ ಮೇಲೆ ಓದಿಸಿ, ಕೇಳುಗರ ಗಮನ ಎಲ್ಲಿ ಸಡಿಲವಾಯಿತೆಂದು ಗುರುತು ಹಾಕಬೇಕು. ಕೇಳಿಸುವುದಕ್ಕಾಗಿ ಬರೆಯುವ ಪರಿಪಾಠ ಈ ನೆಲಕ್ಕೆ ಹೊಸದಲ್ಲ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಮಸ್ಕಿಯ ಶಾಸನವೂ ಕಿರಿಯರಿಗೂ ಹಿರಿಯರಿಗೂ ತಿಳಿಯಹೇಳಬೇಕಾದ ಸಂದೇಶವೇ ಆಗಿತ್ತು.

ಇನ್ನೆರಡು ಸೂಚನೆಗಳು ನ್ಯಾಯಕ್ಕೆ ಸಂಬಂಧಿಸಿದವು. ಬೆಂಗಳೂರಿನಿಂದ ಬಂದ ಲೇಖಕರಿಗೆ ಗೌರವಧನ, ಹಳ್ಳಿಯಿಂದ ಬಂದ ಮಾಸ್ತರರಿಗೆ ಶಾಲು ಹಾರ ಎಂಬ ಪದ್ಧತಿ ನಿಲ್ಲಬೇಕು. ಒಂದೇ ತರಗತಿಗೆ ಒಂದೇ ಸಂಭಾವನೆ ಸಲ್ಲಬೇಕು. ಹಾಗೆಯೇ, 2012ರ ತಿದ್ದುಪಡಿಯಿಂದ ಭಾರತದ ಹಕ್ಕುಸ್ವಾಮ್ಯ ಕಾಯ್ದೆ ಸಿನಿಮಾಕ್ಕೆ ಬರೆಯುವವರ ಗೌರವಧನದ ಪಾಲನ್ನು ಭದ್ರಪಡಿಸಿದೆ. ಇದನ್ನು ಅನುಭವಿ ಲೇಖಕರು ವಿದ್ಯಾರ್ಥಿಗಳಿಗೆ ಖಂಡಿತ ಹೇಳಿಕೊಡಬೇಕು. ಆದರೆ ಕಥೆಯನ್ನೂ ಪದವನ್ನೂ ಕೊಟ್ಟ ಹಾಡುಗಾರ್ತಿಗೆ ಅದರಲ್ಲಿ ಪಾಲಿಲ್ಲ. ಕಾನೂನು ಕೇಳದಿದ್ದರೂ ಆಕೆಯ ಹೆಸರನ್ನು ಬರೆಯುವುದು, ಬಂದುದರಲ್ಲಿ ಹಂಚಿಕೊಳ್ಳುವುದು ಚಿತ್ರಕಥೆಯ ಮೊದಲ ಪಾಠದಲ್ಲೇ ಸೇರಬೇಕು. ಇಲ್ಲವಾದರೆ ಚಿತ್ರಕಥೆಯ ಶಿಕ್ಷಣ ಹಳ್ಳಿಯ ಕಥೆಯನ್ನು ಪೇಟೆಗೆ ಸಾಗಿಸುವ ಇನ್ನೊಂದು ಬಂಡಿಯಾದೀತು.

ಒಟ್ಟಾರೆ, ಅನುಭವಿ ಲೇಖಕರ ಬರವು ಈ ಸೀಮೆಯ ಕಾಲೇಜುಗಳಿಗೆ ಅಗತ್ಯವಾಗಿ ಬೇಕು. ಅವರು ನಮೂನೆಗಿಂತ ವಿವೇಚನೆಯನ್ನು ಕಲಿಸಲಿ. ವಿದ್ಯಾರ್ಥಿಯ ಊರಿನ ಮಾತನ್ನು ಕಥೆಯ ನಡುವಿಗೆ ತರಲಿ. ದೊಡ್ಡಾಟದ ಹಿರಿಯ ಮಾಸ್ತರರ ಸಂಖ್ಯೆ ಕಡಿಮೆಯಾಗುತ್ತಿದೆ. ಅವರ ಆಟದ ಪುಸ್ತಕಗಳನ್ನು ನಾವು ಸಂಗ್ರಹಿಸಿ ಗ್ರಂಥಾಲಯದಲ್ಲಿಡಬಹುದು. ಆದರೆ ನಡುರಾತ್ರಿ ಯಾವ ಪದವನ್ನು ಕೈಬಿಡಬೇಕೆಂಬ ಅವರ ಲೆಕ್ಕ ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದನ್ನು ಅವರಿಂದ ಕಲಿಯಲು ಉಳಿದಿರುವ ಕಾಲ ಹೆಚ್ಚಿಲ್ಲ.