ತಂಬಿಗೆಯ ಮೇಲಿನ ಹೆಸರಿಗೆ 20 ವ್ಯಾಟ್

ಮದುವೆಯ ಮುಯ್ಯಿಗೆಂದು ಪಾತ್ರೆ ಕೊಂಡವರು ಹೆಸರು ಹಾಕಿಸದೆ ಅಂಗಡಿ ಬಿಡುವುದಿಲ್ಲ. ತಂಬಿಗೆಯ ಕುತ್ತಿಗೆಯ ಕೆಳಗೆ, ಗಂಗಾಳದ ಅಂಚಿನ ಹಿಂದೆ, ಕೊಡದ ಹೆಗಲ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಬೀಳಲೇಬೇಕು. ಬಳ್ಳಾರಿ ಸೀಮೆಯ ಪಾತ್ರೆ ಅಂಗಡಿಗಳಲ್ಲಿ ಇಷ್ಟು ವರ್ಷ ಈ ಕೆಲಸ ಮಾಡಿದ್ದು ಕೈಯಲ್ಲಿ ಹಿಡಿಯುವ ಕರೆಂಟಿನ ಪೆನ್ನು. ಜುಂಯ್ ಎಂದು ನಡುಗುವ ಅದರ ಮೊನೆ ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕುಟ್ಟುತ್ತಾ ಹೋಗುತ್ತದೆ. ಸಾಲು ಸೊಟ್ಟಗಾಗಬಹುದು, ಒತ್ತಕ್ಷರ ಕೆಳಗೆ ಜಾರಬಹುದು. ಆದರೆ ಎಷ್ಟೋ ವರ್ಷ ನಾರು, ಬೂದಿ, ಸ್ಕ್ರಬ್ಬರ್ ಹಾಕಿ ಉಜ್ಜಿದ ಮೇಲೂ ಅಜ್ಜಿಯ ಹೆಸರು ಓದಲು ಬರುತ್ತದೆ. ಆ ಪೆನ್ನಿನ ಜಾಗಕ್ಕೆ ಈಗ ಲೇಸರ್ ಬರುತ್ತಿದೆ. ಕುಡತಿನಿಯಂಥ ಪಟ್ಟಣದಲ್ಲಿ ಸ್ಟಿಕ್ಕರ್, ಫ್ಲೆಕ್ಸ್, ರಬ್ಬರ್ ಸ್ಟಾಂಪಿನ ಅಂಗಡಿ ಇಟ್ಟವರೂ ಅದರತ್ತ ಕಣ್ಣು ಹಾಕಿದ್ದಾರೆ. ಹೀಗೆ ಯಂತ್ರ ಕೊಳ್ಳುವವರು ಅದನ್ನು ಆರಿಸುವ ರೀತಿಯಲ್ಲೇ ದೋಷವಿದೆ ಎಂಬುದು ನನ್ನ ತಕರಾರು. ಮೊದಲು ವಿಡಿಯೊ ನೋಡುತ್ತಾರೆ, ಆಮೇಲೆ ವ್ಯಾಟ್ ಕೇಳುತ್ತಾರೆ, ಕೊನೆಗೆ ರೇಟು ಚೌಕಾಸಿ ಮಾಡುತ್ತಾರೆ. ತಮ್ಮ ಬಾಗಿಲಿಗೆ ಯಾವ ವಸ್ತು ಬರುತ್ತದೆ, ಯಂತ್ರ ನಿಂತ ದಿನ ಯಾರು ಬರುತ್ತಾರೆ ಎಂಬ ಎರಡು ಪ್ರಶ್ನೆಗಳು ದುಡ್ಡು ಕೊಟ್ಟ ಮೇಲೆ ಹುಟ್ಟುತ್ತವೆ.

ಸಣ್ಣ ವ್ಯಾಪಾರಕ್ಕೆ ಸಿಗುವ ಲೇಸರ್‌ಗಳು ಮುಖ್ಯವಾಗಿ ಮೂರು ಜಾತಿಯವು. ನೀಲಿ ಬೆಳಕಿನ ಡಯೋಡ್ ಯಂತ್ರ ಎಲ್ಲಕ್ಕಿಂತ ಅಗ್ಗ, ಮೇಜಿನ ಮೇಲೆ ಕೂರುತ್ತದೆ, ಆನ್‌ಲೈನಿನಲ್ಲಿ ತರಿಸಬಹುದು. ಮರ, ರಟ್ಟು, ಚರ್ಮದ ಮೇಲೆ ಚೆನ್ನಾಗಿ ಬರೆಯುತ್ತದೆ. ಪಾರದರ್ಶಕ ಅಕ್ರಿಲಿಕ್ ಇಟ್ಟರೆ ಅದರ ಬೆಳಕು ಏನೂ ಮಾಡದೆ ದಾಟಿಹೋಗುತ್ತದೆ; ಬರಿ ಸ್ಟೀಲು, ಹಿತ್ತಾಳೆಯ ಮೇಲೆ ಕೆತ್ತನೆ ಎನ್ನುವಂಥದ್ದು ಆಗುವುದಿಲ್ಲ. ಎರಡನೆಯದು ಗಾಜಿನ ಟ್ಯೂಬಿನ ಕಾರ್ಬನ್ ಡೈಆಕ್ಸೈಡ್ ಲೇಸರ್, ಮಾರುಕಟ್ಟೆಯ ಬಾಯಲ್ಲಿ ಸಿಒಟು. ಮರ, ಅಕ್ರಿಲಿಕ್, ಬಟ್ಟೆ, ಚರ್ಮ, ರಬ್ಬರ್ ಎಲ್ಲವನ್ನೂ ಕೊರೆಯುತ್ತದೆ, ಕತ್ತರಿಸುತ್ತದೆ. ಬರಿ ಲೋಹ ಮಾತ್ರ ಅದಕ್ಕೂ ಬಗ್ಗದು. ಮೂರನೆಯದು ಫೈಬರ್ ಲೇಸರ್. 1064 ನ್ಯಾನೊಮೀಟರಿನ ಅದರ ಕಿರಣ ಕಣ್ಣಿಗೆ ಕಾಣುವುದಿಲ್ಲ. ಸ್ಟೀಲು, ಹಿತ್ತಾಳೆ, ಬಣ್ಣದ ಲೇಪವಿರುವ ಅಲ್ಯೂಮಿನಿಯಂ, ಇವೆಲ್ಲ ಅದರ ಸ್ವಂತ ಹೊಲ. ಮರ ಮತ್ತು ಪಾರದರ್ಶಕ ಅಕ್ರಿಲಿಕ್‌ನಲ್ಲಿ ಅದನ್ನು ನೆಚ್ಚುವಂತಿಲ್ಲ.

ಈಗ ಕುಡತಿನಿಯ ಬಾಗಿಲಿಗೆ ಬರುವ ಕೆಲಸ ನೋಡೋಣ. ಊರಿನ ಪಕ್ಕದಲ್ಲೇ 1,700 ಮೆಗಾವ್ಯಾಟ್‌ನ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಹೊಸಪೇಟೆ ದಾರಿಯಲ್ಲಿ ಮುಂದೆ ಹೋದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಇಂಥ ಸ್ಥಾವರಗಳಲ್ಲಿ ವಾಲ್ವು, ಪಂಪು, ಮೋಟರು, ಕೇಬಲ್ಲು ಪ್ರತಿಯೊಂದಕ್ಕೂ ನಂಬರಿನ ಬಿಲ್ಲೆ ಬೇಕು. ಕಾವು, ಬೂದಿ, ನೀರು ತಾಗಿದರೂ ಅಳಿಯದ ಬಿಲ್ಲೆ. ಅದು ಸ್ಟೀಲು ಅಥವಾ ಅಲ್ಯೂಮಿನಿಯಂನದೇ ಆಗಿರುತ್ತದೆ. ಕಂಟ್ರಾಕ್ಟುದಾರರ ಕೈಯಿಂದ ಬರುವ ಈ ಕೆಲಸ ಮದುವೆ ಸೀಜನ್ನಿಗೆ ಕಾಯುವುದಿಲ್ಲ. ಅದಕ್ಕೆ ಪಾತ್ರೆ, ಗುಡಿಗೆ ಕೊಡುವ ಗಂಟೆ, ದೀಪದ ಕಂಬ, ಶಾಲೆಯ ಪದಕ ಸೇರಿಸಿದರೆ ಲೆಕ್ಕ ಲೋಹದ ಕಡೆಗೇ ವಾಲುತ್ತದೆ. ಹೀಗಾಗಿ ಈ ಊರಿನ ಮೊದಲ ಯಂತ್ರ 20 ಅಥವಾ 30 ವ್ಯಾಟಿನ ಫೈಬರ್ ಆಗಿರಬೇಕು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಮರದ ಕೀಚೈನು, ಫೋಟೊ ಫ್ರೇಮಿನ ವಿಡಿಯೊ ನೋಡಿ ಡಯೋಡ್ ಯಂತ್ರ ತರಿಸಿಕೊಂಡ ಅಂಗಡಿಯವರಿಗೆ ಬೆಂಗಳೂರಿನಲ್ಲಿ ಗಿರಾಕಿ ಇದ್ದಾರು. ಇಲ್ಲಿ ಮೊದಲ ಗಿರಾಕಿ ಸ್ಟೀಲ್ ತಂಬಿಗೆ ಹಿಡಿದುಕೊಂಡೇ ಬರುತ್ತಾನೆ.

ಬಿಸಿಲು ಮತ್ತು ಬೂದಿ ಕೂಡ ಇದೇ ಮಾತು ಹೇಳುತ್ತವೆ. ಗಾಜಿನ ಟ್ಯೂಬಿಗೆ ನೀರಿನ ತಂಪು ಬೇಕು, ಅದರಲ್ಲಿ ಹರಿಯುವ ನೀರು 15ರಿಂದ 25 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ಅಗ್ಗದ ಯಂತ್ರದ ಜೊತೆ ಬರುವ ಸಿಡಬ್ಲ್ಯು-3000 ಎಂಬ ಪೆಟ್ಟಿಗೆಯನ್ನು ಚಿಲ್ಲರ್ ಎಂದು ಮಾರುತ್ತಾರೆ. ಅದರೊಳಗೆ ಕಂಪ್ರೆಸರ್ ಇಲ್ಲ. ಇರುವುದು ಒಂದು ರೇಡಿಯೇಟರ್, ಒಂದು ಫ್ಯಾನು. ಕೋಣೆಯ ಗಾಳಿಗಿಂತ ತಣ್ಣಗೆ ನೀರನ್ನು ಇಳಿಸುವ ಶಕ್ತಿ ಅದಕ್ಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಪಾರ 40 ದಾಟಿದಾಗ ಟ್ಯೂಬಿನೊಳಗೆ ಓಡುವುದು ಬಿಸಿನೀರೇ. ಟ್ಯೂಬಿನ ಆಯುಷ್ಯ ಅಲ್ಲೇ ಕರಗುತ್ತದೆ. ಕಂಪ್ರೆಸರ್ ಇರುವ ಸಿಡಬ್ಲ್ಯು-5000 ಬೇಕು, ಅದರ ಬೆಲೆ ಬೇರೆ. ಬೋರ್‌ವೆಲ್ ನೀರು ಹಾಕಿದರೆ ಉಪ್ಪು ಕಟ್ಟುತ್ತದೆ, ಡಿಸ್ಟಿಲ್ಡ್ ನೀರನ್ನೇ ತುಂಬಿಸಬೇಕು. ಇನ್ನು ಹಾರುಬೂದಿ, ಕಲ್ಲಿದ್ದಲ ಪುಡಿ, ಹೆದ್ದಾರಿಯ ಲಾರಿ ಎಬ್ಬಿಸುವ ಅದಿರಿನ ದೂಳು. ಸಿಒಟು ಯಂತ್ರದ ಕನ್ನಡಿ, ಲೆನ್ಸ್ ಗಾಳಿಗೆ ತೆರೆದಿರುತ್ತವೆ. ಅವುಗಳ ಮೇಲೆ ಕೂತ ದೂಳು ಕಿರಣದ ಕಾವನ್ನು ಹೀರಿ ಲೆನ್ಸನ್ನೇ ಸುಡುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಬೂದಿಯ ಕಣ ಗೀರು ಹಾಕುತ್ತದೆ. ಫೈಬರ್ ಯಂತ್ರದಲ್ಲಿ ಕಿರಣ ಹುಟ್ಟುವ ಪೆಟ್ಟಿಗೆ ಮುಚ್ಚಿದ್ದು, ತಂಪಿಗೆ ಗಾಳಿ ಸಾಕು, ಹೊರಗೆ ಒರೆಸಬೇಕಾದ್ದು ಕೆಳಗಿನ ಒಂದು ಲೆನ್ಸ್. ಗಾಳಿ ಎಳೆಯುವ ಫ್ಯಾನಿಗೆ ಜಾಲರಿ ಬಟ್ಟೆ ಕಟ್ಟಿ ವಾರಕ್ಕೊಮ್ಮೆ ಕೊಡವಿದರೆ ಅರ್ಧ ರಿಪೇರಿ ತಪ್ಪುತ್ತದೆ.

ವ್ಯಾಟಿನ ವಿಷಯದಲ್ಲಿ ಮೋಸ ಹೋಗುವುದು ಬಲು ಸುಲಭ. ಡಯೋಡ್ ಯಂತ್ರದ ಪೆಟ್ಟಿಗೆಯ ಮೇಲೆ 40, 80 ಎಂದು ದಪ್ಪಕ್ಷರದಲ್ಲಿ ಬರೆದದ್ದು ಅನೇಕ ಸಲ ಯಂತ್ರ ಎಳೆಯುವ ಕರೆಂಟಿನ ಲೆಕ್ಕ. ಹೊರಬೀಳುವ ಬೆಳಕಿನ ಶಕ್ತಿ ಅದರ ಒಂದು ಪಾಲು ಮಾತ್ರ. ಗಾಜಿನ ಟ್ಯೂಬಿಗೆ ಬೇರೆ ರೋಗ: ಕಪಾಟಿನಲ್ಲಿ ಸುಮ್ಮನೆ ಇಟ್ಟರೂ ಅದರ ಗ್ಯಾಸ್ ಕಾಲಕ್ರಮದಲ್ಲಿ ಕೆಡುತ್ತದೆ. ಟ್ಯೂಬಿನ ಮೇಲಿನ ತಯಾರಿಕೆಯ ತಾರೀಖು ನೋಡದೆ ದುಡ್ಡು ಕೊಡಬಾರದು. ಫೈಬರ್‌ನಲ್ಲಿ ವ್ಯಾಟಿನಷ್ಟೇ ಮುಖ್ಯ ಸೋರ್ಸ್, ಅಂದರೆ ಕಿರಣ ಹುಟ್ಟುವ ಪೆಟ್ಟಿಗೆ, ಯಾರದು ಎಂಬುದು. ರೇಕಸ್, ಮ್ಯಾಕ್ಸ್, ಜೆಪಿಟಿ ಹೆಸರಿನವು ಇಲ್ಲಿನ ಸಣ್ಣ ಯಂತ್ರಗಳಲ್ಲಿ ಹೆಚ್ಚು ಕಾಣುತ್ತವೆ. ಸೋರ್ಸಿನ ಸೀರಿಯಲ್ ನಂಬರು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಮೋಪಾ ಜಾತಿಯ ಸೋರ್ಸ್ ಸ್ಟೀಲಿನ ಮೇಲೆ ಬಣ್ಣ ಎಬ್ಬಿಸುತ್ತದೆ ಎಂದು ಮಾರುವವರು ಆಸೆ ಹಚ್ಚುತ್ತಾರೆ. ಬಣ್ಣ ಬರುವುದು ನಿಜ, ಅದಕ್ಕೆ ಹಿಡಿಯುವ ಹೊತ್ತೂ ನಿಜ. ಮುಯ್ಯಿ ಪಾತ್ರೆಯ ಗಿರಾಕಿ ಕಾಯುವುದಿಲ್ಲ.

ಕೆತ್ತನೆಯ ಗುಣವನ್ನು ಅಳೆಯಲು ನನಗೆ ಗೊತ್ತಿರುವ ನಂಬಿಕಸ್ತ ಪರೀಕ್ಷೆ ಬಚ್ಚಲಲ್ಲಿದೆ. ಲೇಸರಿನಿಂದ ಸ್ಟೀಲಿನ ಮೇಲೆ ಎರಡು ಬಗೆಯಲ್ಲಿ ಬರೆಯಬಹುದು. ಒಂದರಲ್ಲಿ ಲೋಹ ಕಾದು ಮೇಲ್ಮೈ ಕಪ್ಪಾಗುತ್ತದೆ, ಏನೂ ಕಿತ್ತು ಬರುವುದಿಲ್ಲ. ನೋಡಲು ಮನೋಹರ. ಇನ್ನೊಂದರಲ್ಲಿ ಲೋಹ ಆವಿಯಾಗಿ ಸಣ್ಣ ತಗ್ಗು ಬೀಳುತ್ತದೆ. ಮಾರುವವರು ತೋರಿಸಲು ಇಷ್ಟಪಡುವುದು ಮೊದಲನೆಯದನ್ನು. ಅದೇ ತಂಬಿಗೆಯನ್ನು ಸ್ಟೀಲ್ ಸ್ಕ್ರಬ್ಬರಿನಲ್ಲಿ ಗಟ್ಟಿಯಾಗಿ ತಿಕ್ಕಿದರೆ ಕಪ್ಪು ಮಾಸುತ್ತಾ ಬರುತ್ತದೆ. ಕಾವು ಹೆಚ್ಚಾಗಿದ್ದರೆ ಆ ಜಾಗದಲ್ಲಿ ಸ್ಟೀಲಿನ ತುಕ್ಕು ತಡೆಯುವ ಗುಣವೂ ಕುಂದುತ್ತದೆ. ನಡುಗುವ ಪೆನ್ನಿನ ಚುಕ್ಕಿ ಉಳಿದದ್ದು ಅದಕ್ಕೆ ಆಳ ಇದ್ದುದರಿಂದ. ಲೇಸರ್ ಅದರ ಜಾಗ ಹಿಡಿಯಬೇಕಾದರೆ ಆಳವನ್ನೂ ಕೊಡಬೇಕು. 20 ವ್ಯಾಟಿನ ಯಂತ್ರಕ್ಕೆ ಅದು ಸಾಧ್ಯ, ಒಂದೇ ಅಕ್ಷರದ ಮೇಲೆ ಹಲವು ಸಲ ಓಡಿಸಬೇಕಷ್ಟೆ. ಅವಸರದ ಅಂಗಡಿಯವರು ಒಂದೇ ಸಲ ಓಡಿಸಿ ಕೈತೊಳೆದುಕೊಳ್ಳುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಒಂದು ಮನೆಯ ನೆನಪನ್ನು ನಾವು ಎರಡು ವರ್ಷದ ಆಯುಷ್ಯಕ್ಕೆ ಇಳಿಸುತ್ತಿದ್ದೇವೆ.

ಕಲ್ಲಿನ ಮಾತೂ ಬಂದೇ ಬರುತ್ತದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನ ಬಂಡೆಯ ಮೇಲೆ ಕ್ರಿ.ಪೂ. 3ನೇ ಶತಮಾನದ ಬ್ರಾಹ್ಮಿ ಅಕ್ಷರ ಇನ್ನೂ ಇದೆ. ಅಶೋಕನ ಹೆಸರನ್ನೇ ಎತ್ತಿ ಹೇಳುವ ಬೆರಳೆಣಿಕೆಯ ಶಾಸನಗಳಲ್ಲಿ ಅದೂ ಒಂದು. ಅದು ಉಳಿಯ ಕೆಲಸ. ಸಣ್ಣ ಸಿಒಟು ಲೇಸರ್ ಕರಿಕಲ್ಲಿನ ಮೇಲೆ ಮಾಡುವುದು ಬೇರೆ: ಹೊಳಪಿನ ಮೇಲ್ಪದರವನ್ನು ಸಿಡಿಸಿ ಬಿಳಿಚಿಸುತ್ತದೆ, ಅಷ್ಟೇ. ಒಳಗಡೆ ಗೋಡೆಗೆ ಹಚ್ಚುವ ಭಾವಚಿತ್ರದ ಫಲಕಕ್ಕೆ ಅದು ಒಪ್ಪುತ್ತದೆ. ಬಿಸಿಲು ಮಳೆಗೆ ನಿಲ್ಲುವ ಶಂಕುಸ್ಥಾಪನೆಯ ಕಲ್ಲನ್ನು ಮಾತ್ರ ಕುರುಗೋಡು ಕಡೆಯ ಕಲ್ಲುಕೆಲಸದವರ ಕೈಗೇ ಬಿಡಬೇಕು.

ಬಳ್ಳಾರಿ ಎಂದಮೇಲೆ ಜೀನ್ಸ್ ಬಿಡುವಂತಿಲ್ಲ. ಸೊಂಟದ ಹಿಂದೆ ಹೊಲಿಯುವ ಪಟ್ಟಿಗೆ ಬ್ರಾಂಡಿನ ಹೆಸರು ಬರೆಯುವ ಕೆಲಸ ಸಣ್ಣ ಲೇಸರಿಗೆ ಹೇಳಿ ಮಾಡಿಸಿದ್ದು. ಎರಡನೆಯ ಯಂತ್ರವಾಗಿ ಸಿಒಟು ಕೊಳ್ಳಲು ಅದೇ ಸರಿಯಾದ ಕಾರಣ. ಬಟ್ಟೆಯ ಬಣ್ಣವನ್ನೇ ಲೇಸರಿನಿಂದ ಮಾಸಿಸುವ ಕೆಲಸ ಬೇರೆ ದರ್ಜೆಯದು. ಸ್ಪೇನಿನ ಜೀನೊಲೊಜಿಯಾದಂಥ ಕಂಪನಿಗಳು ಅದಕ್ಕೆಂದೇ ದೊಡ್ಡ ಯಂತ್ರ ಕಟ್ಟಿವೆ. ಡೆನಿಮ್ ಮಾಸಿಸಲು ಮರಳು ಚಿಮ್ಮಿಸಿ ಕಾರ್ಮಿಕರ ಶ್ವಾಸಕೋಶ ಹಾಳಾದ ಮೇಲೆ ಟರ್ಕಿ 2009ರಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿತು; ಲೇಸರಿಗೆ ಅಲ್ಲಿ ಗೌರವದ ಜಾಗವಿದೆ. ಆದರೆ ಪಟ್ಟಿಯ ಕೆಲಸದಲ್ಲಿ ಲೇಸರೇ ವಿಷವಾಗಬಲ್ಲದು. ಚರ್ಮ ಎಂದು ತರುವ ಪಟ್ಟಿ ಬಹಳ ಸಲ ರೆಕ್ಸಿನ್, ಅಂದರೆ ಪಿವಿಸಿ. ಅದನ್ನು ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಏಳುತ್ತದೆ. ಯಂತ್ರದ ಹಳಿ ತುಕ್ಕು ಹಿಡಿಯುತ್ತದೆ, ನಡೆಸುವವರ ಗಂಟಲು ಉರಿಯುತ್ತದೆ. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ರೆಕ್ಸಿನ್ನಿಗೆ ಮುಟ್ಟಿಸಿ ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಆ ಮಾಲು ವಾಪಸ್ಸು. ಈ ಪರೀಕ್ಷೆಗೆ ಖರ್ಚು ಏನೂ ಇಲ್ಲ, ಯಂತ್ರ ಮಾರುವವರು ಇದನ್ನು ಹೇಳಿಕೊಡುವುದೂ ಇಲ್ಲ.

ಇನ್ನು ಕನ್ನಡ. ಫೈಬರ್ ಯಂತ್ರಗಳ ಜೊತೆ ಸಾಮಾನ್ಯವಾಗಿ ಬರುವ ಈಜಿಕ್ಯಾಡ್ ಎಂಬ ತಂತ್ರಾಂಶ ಇಂಗ್ಲಿಷು, ಚೀನೀ ಅಕ್ಷರ ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಅದರಲ್ಲಿ ನೇರವಾಗಿ ಯುನಿಕೋಡ್ ಕನ್ನಡ ಹೊಡೆಯಲು ಹೋದರೆ ಒತ್ತಕ್ಷರ ಕಳಚಿ ಪಕ್ಕದಲ್ಲಿ ನಿಲ್ಲುತ್ತದೆ. ಡಿಟಿಪಿ ಬಲ್ಲವರು ನುಡಿ ಅಥವಾ ಶ್ರೀಲಿಪಿಯಲ್ಲಿ ಹೊಡೆದು, ಕೋರೆಲ್‌ಡ್ರಾದಲ್ಲಿ ಅಕ್ಷರವನ್ನು ಗೆರೆಯಾಗಿ ಬದಲಿಸಿ, ಆ ಫೈಲನ್ನು ಯಂತ್ರಕ್ಕೆ ಕೊಡುತ್ತಾರೆ. ಬಿಟ್ಟಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಯುನಿಕೋಡ್ ಕನ್ನಡ ಸರಿಯಾಗಿಯೇ ಕೂರುತ್ತದೆ, ಅಲ್ಲೇ ಗೆರೆಗೆ ಬದಲಿಸಿಕೊಳ್ಳಬಹುದು. ಯಂತ್ರ ತೋರಿಸುವವರ ಮುಂದೆ ‘ಶ್ರೀ ಕುಮಾರಸ್ವಾಮಿ ಪ್ರಸನ್ನ’ ಎಂದು ಬರೆಸಿ ನೋಡಿ. ಅವರು ಕೈಚೆಲ್ಲಿದರೆ ತರಬೇತಿಯ ಮಾತೆಲ್ಲ ಪೊಳ್ಳು. ಅಕ್ಷರದ ರೂಪದ ಬಗ್ಗೆಯೂ ನನಗೆ ಅಸಮಾಧಾನವಿದೆ. ಪತ್ರಿಕೆಯ ಮೈ ಅಕ್ಷರಕ್ಕೆಂದು ಮಾಡಿದ ತೆಳು ಗೆರೆಯ ಫಾಂಟನ್ನು ಬಾಗಿದ ತಂಬಿಗೆಯ ಮೇಲೆ ಸಣ್ಣದಾಗಿ ಇಳಿಸಿದರೆ ತಲೆಕಟ್ಟು, ಸುಳಿ ಎರಡೂ ಮುಚ್ಚಿಹೋಗುತ್ತವೆ. ಸಮ ದಪ್ಪದ, ದುಂಡನೆಯ, ಬಿಡುವಾಗಿ ನಿಂತ ಅಕ್ಷರ ಆರಿಸಿದರೆ ಅದೇ ಯಂತ್ರದ ಕೆಲಸ ಎರಡು ಪಟ್ಟು ಚೆಂದ ಕಾಣುತ್ತದೆ.

ಮಾರುವವರನ್ನು ಆರಿಸುವುದು ಯಂತ್ರ ಆರಿಸುವುದಕ್ಕಿಂತ ಕಷ್ಟ. ಗಾಂಧಿನಗರದ ಸಹಜಾನಂದ, ನವಿ ಮುಂಬಯಿಯ ಸ್ಕ್ಯಾನ್‌ಟೆಕ್‌ನಂಥ ದೇಶದೊಳಗಿನ ಕಂಪನಿಗಳಿವೆ; ಚೀನಾದ ಜಿನಾನ್, ಲಿಯಾವೊಚೆಂಗ್‌ನಿಂದ ತರಿಸಿ ತಮ್ಮ ಹೆಸರು ಅಂಟಿಸುವ ವ್ಯಾಪಾರಿಗಳು ಅದಕ್ಕಿಂತ ಹೆಚ್ಚು. ತರಿಸುವುದರಲ್ಲಿ ತಪ್ಪಿಲ್ಲ. ಬಿಡಿಭಾಗ ಯಾರ ಕಪಾಟಿನಲ್ಲಿದೆ ಎಂಬುದು ಮುಖ್ಯ. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದ ಇಂಜಿನಿಯರ್ ಬೆಳಿಗ್ಗೆ ಇಲ್ಲಿರಬಲ್ಲ. ಅವನ ಬಸ್ ಚಾರ್ಜು, ಊಟ, ವಸತಿ ವಾರಂಟಿಯೊಳಗೆ ಬರುತ್ತದೆಯೇ ಎಂದು ಮೊದಲೇ ಬರೆಸಿಕೊಳ್ಳಬೇಕು. ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್ಟೆಕ್ಸ್‌ಗೆ ಒಮ್ಮೆ ಹೋಗಿಬರುವುದು ಒಳ್ಳೆಯದು, ಆದರೆ ಅಲ್ಲಿ ಓಡುವುದು ಅವರ ವಸ್ತು, ಅವರ ಸೆಟ್ಟಿಂಗು. ನಿಮ್ಮ ಪಾತ್ರೆ ಅಂಗಡಿಯ ತಂಬಿಗೆ, ಬಿಲ್ಲೆಯ ತಗಡು ಚೀಲದಲ್ಲಿ ಒಯ್ದು ನಿಮ್ಮ ಕಣ್ಣೆದುರೇ ಮಾಡಿಸಿ. ಒಂದಲ್ಲ, ಸಾಲಾಗಿ ಹತ್ತು. ತಂಬಿಗೆ ತಿರುಗಿಸುವ ರೋಟರಿ ಬೆಲೆಯಲ್ಲಿ ಸೇರಿದೆಯೇ, ಅಡಿ ಸಣ್ಣ ಬಾಯಿ ದೊಡ್ಡ ಇರುವ ಲೋಟವನ್ನು ಅದು ಹಿಡಿಯುತ್ತದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಕಂಪ್ಯೂಟರ್ ಕೆಟ್ಟ ದಿನ ಮಾರಿದವರ ಯೋಗ್ಯತೆ ಗೊತ್ತಾಗುತ್ತದೆ. ಪ್ರತಿ ಫೈಬರ್ ಯಂತ್ರಕ್ಕೂ ಅದರ ಕನ್ನಡಿಗಳಿಗೆ ಹೊಂದಿಸಿದ ಒಂದು ತಿದ್ದುಪಡಿ ಫೈಲು, ಒಂದು ಸೆಟ್ಟಿಂಗ್ ಫೈಲು ಇರುತ್ತದೆ. ಅವು ಕಳೆದರೆ ಚೌಕ ಬರೆದದ್ದು ಸೊಟ್ಟಗೆ ಬೀಳುತ್ತದೆ. ಯಂತ್ರ ಬಂದ ದಿನವೇ ಎರಡನ್ನೂ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಕೊಡಲು ಹಿಂದೆಗೆಯುವವರಿಂದ ಕೊಳ್ಳಬೇಡಿ. ಇನ್ನು ದುಡ್ಡಿನ ಮಾತು: ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಸಾಲವಿದೆ. ಬ್ಯಾಂಕಿನವರು ಕೊಟೇಶನ್ ಕೇಳಿದ ಕೂಡಲೆ ಮೊದಲು ಸಿಕ್ಕವರದ್ದನ್ನು ತಂದುಕೊಟ್ಟು, ಆಮೇಲೆ ಅವರಿಗೇ ಕಟ್ಟುಬಿದ್ದವರು ಕಡಿಮೆಯಿಲ್ಲ. ಕೊಟೇಶನ್ ಪಡೆಯುವ ಮೊದಲೇ ತಂಬಿಗೆಯ ಪರೀಕ್ಷೆ ಮುಗಿದಿರಲಿ. 18 ಪ್ರತಿಶತ ಜಿಎಸ್‌ಟಿ ಸೇರಿಸಿದ ಪಕ್ಕಾ ಬಿಲ್ಲು ಇಲ್ಲದೆ ಯಂತ್ರ ಒಳಗೆ ಬಿಟ್ಟುಕೊಳ್ಳಬೇಡಿ.

ಇಷ್ಟೆಲ್ಲದರಲ್ಲಿ ಯಾರೂ ಕೇಳದ ವಿಷಯ ಕಣ್ಣು. ಅಗ್ಗದ ಫೈಬರ್ ಯಂತ್ರಗಳು ಬಾಗಿಲಿಲ್ಲದೆ ತೆರೆದೇ ಇರುತ್ತವೆ. ಕಿರಣ ಕಾಣದ ಕಾರಣ ರೆಪ್ಪೆ ಮುಚ್ಚುವುದಿಲ್ಲ, ಹೊಳೆಯುವ ತಂಬಿಗೆಯಿಂದ ಚಿಮ್ಮಿದ ಕಿರಣ ನೇರ ಅಕ್ಷಿಪಟಲಕ್ಕೆ ಹೋಗುತ್ತದೆ, ಸುಟ್ಟದ್ದು ವಾಸಿಯಾಗುವುದಿಲ್ಲ. ಪಾತ್ರೆ ಅಂಗಡಿಯಲ್ಲಿ ಹೆಸರು ಬರುವುದನ್ನು ನೋಡಲು ಮಕ್ಕಳು ಬಗ್ಗಿ ನಿಲ್ಲುತ್ತಾರೆ. ಕರೆಂಟಿನ ಪೆನ್ನಿನ ಕಾಲದ ರೂಢಿ ಅದು. ಸುತ್ತ ಮುಚ್ಚಿದ, ಬಾಗಿಲು ತೆರೆದರೆ ತಾನೇ ನಿಲ್ಲುವ ಯಂತ್ರಕ್ಕೆ ಹೆಚ್ಚಿಗೆ ಬೀಳುವ ದುಡ್ಡನ್ನು ಚೌಕಾಸಿಯಲ್ಲಿ ಕಡಿಸಬಾರದು. ತೆರೆದ ಯಂತ್ರವೇ ಗತಿ ಎಂದಾದರೆ ನಡೆಸುವವರಿಗೆ, ಹತ್ತಿರ ನಿಲ್ಲುವವರಿಗೆ ಕನ್ನಡಕ ಬೇಕು. ಡಯೋಡ್ ಯಂತ್ರದ ಜೊತೆ ಬರುವ ಕನ್ನಡಕ ಈ ಕಿರಣವನ್ನು ತಡೆಯುವುದಿಲ್ಲ. ಕನ್ನಡಕದ ಮೇಲೆ 1064 ಎಂಬ ಸಂಖ್ಯೆ ಮತ್ತು ತಡೆಯ ಅಂಕ ಅಚ್ಚಾಗಿದೆಯೇ ನೋಡಿ, ಇಲ್ಲದಿದ್ದರೆ ಬಿಲ್ಲು ಹರಿಯುವ ಮೊದಲೇ ಬೇರೆಯದನ್ನು ಕೇಳಿ ಪಡೆಯಿರಿ.