ಗ್ರೇನ್ ಬೆರೆಸಿದ ಆದಿಕಾಲ

2008ರಲ್ಲಿ ಛಾಯಾಗ್ರಾಹಕ ಸೆಬಾಸ್ತಿಯಾವೊ ಸಲ್ಗಾಡೊ ಫಿಲ್ಮ್ ಬಿಟ್ಟು ಡಿಜಿಟಲ್ ಕ್ಯಾಮೆರಾ ಹಿಡಿದರು. ಭೂಮಿಯಲ್ಲಿ ಕೆಡದೆ ಉಳಿದದ್ದನ್ನು ತೋರಿಸುವ ‘ಜೆನೆಸಿಸ್’ ಎಂಬ ದೀರ್ಘ ಚಿತ್ರಮಾಲೆಯ ನಟ್ಟನಡುವೆ ಆದ ಬದಲಾವಣೆ ಅದು. 2004ರಿಂದ ಅಲ್ಲಿಯವರೆಗಿನ ಚಿತ್ರಗಳೆಲ್ಲ ಪೆಂಟಾಕ್ಸ್ 645 ಕ್ಯಾಮೆರಾದಲ್ಲಿ, ಕೊಡಾಕ್ ಟ್ರೈ-ಎಕ್ಸ್ ರೋಲಿನ ಮೇಲೆ ಮೂಡಿದವು. ಮುಂದಿನವು ಕ್ಯಾನನ್‌ ಡಿಜಿಟಲ್‌ನಲ್ಲಿ. 2013ರಲ್ಲಿ ಟಾಶೆನ್ ಹೊರತಂದ 520 ಪುಟಗಳ ಭಾರೀ ಪುಸ್ತಕವನ್ನು ಎಷ್ಟು ತಿರುವಿಹಾಕಿದರೂ ಫಿಲ್ಮ್ ಎಲ್ಲಿ ಮುಗಿಯಿತು, ಡಿಜಿಟಲ್ ಎಲ್ಲಿ ಶುರುವಾಯಿತು ಎಂದು ಪತ್ತೆಯಾಗುವುದಿಲ್ಲ. ಪತ್ತೆಯಾಗಬಾರದೆಂದೇ ಅವರು ಅಷ್ಟು ಪಾಡುಪಟ್ಟದ್ದು. ವ್ಯೂಫೈಂಡರಿನ ಅಂಚು ಮರೆಮಾಡಿ ಹಳೆಯ 645ರ ಚೌಕಟ್ಟನ್ನೇ ಉಳಿಸಿಕೊಂಡರು. ಫೈಲುಗಳಿಗೆ ಸಾಫ್ಟ್‌ವೇರಿನಿಂದ ಟ್ರೈ-ಎಕ್ಸ್‌ನ ಗ್ರೇನ್ ಬೆರೆಸಿದರು. ಅಷ್ಟಕ್ಕೂ ಸಮಾಧಾನವಾಗದೆ ಆ ಫೈಲಿನಿಂದ 4x5 ಇಂಚಿನ ನಿಜವಾದ ನೆಗೆಟಿವ್ ಮಾಡಿಸಿ, ಡಾರ್ಕ್‌ರೂಮಿನಲ್ಲಿ ಬೆಳ್ಳಿ ಲೇಪದ ಕಾಗದದ ಮೇಲೆ ಪ್ರಿಂಟ್ ತೆಗೆಸಿದರು.

ಶುದ್ಧಿವಾದಿಗಳಿಗೆ ಇದು ವೇಷ. ಫಿಲ್ಮಿನ ಗ್ರೇನ್ ಎನ್ನುವುದು ಬೆಳ್ಳಿಯ ಹರಳುಗಳು ಬೆಳಕಿಗೆ ಒಡ್ಡಿಕೊಂಡದ್ದರ ಗುರುತು. ಬೆಳ್ಳಿಯೇ ಇಲ್ಲದ ಕಡೆ ಅದನ್ನು ಉದುರಿಸುವುದು ಎಂಥ ಪ್ರಾಮಾಣಿಕತೆ ಎಂದು ಅವರು ಕೇಳುತ್ತಾರೆ. ಈ ಆಕ್ಷೇಪ ನನಗೆ ದೊಡ್ಡದಾಗಿ ಕಾಣುವುದಿಲ್ಲ. ‘ಜೆನೆಸಿಸ್’ನಲ್ಲಿ ನಿಜಕ್ಕೂ ತಿದ್ದಿದ ಭಾಗವೊಂದಿದೆ, ಆದರೆ ಅದು ಗ್ರೇನ್‌ನಲ್ಲಿಲ್ಲ. ಅದನ್ನು ಕಾಣಬೇಕಾದರೆ ಈ ಮನುಷ್ಯನ ಕಣ್ಣು ಎಲ್ಲಿ ಪಳಗಿತು ಎಂಬುದರಿಂದ ಹೊರಡಬೇಕು.

ಸಲ್ಗಾಡೊ ಹುಟ್ಟಿದ್ದು 1944ರಲ್ಲಿ, ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಐಮೊರೆಸ್‌ನಲ್ಲಿ. ಅಪ್ಪನದು ದೊಡ್ಡ ದನಗಾವಲು ಜಮೀನು. ಮಗು ಬಿಳಿಚರ್ಮದ್ದು, ಬಿಸಿಲು ತಾಗದಿರಲೆಂದು ಮರದ ನೆರಳಲ್ಲಿ ಕೂರಿಸುತ್ತಿದ್ದರಂತೆ. ಅಲ್ಲಿಂದ ನೋಡಿದರೆ ಅಪ್ಪ ಸೂರ್ಯನಿಗೆ ಬೆನ್ನು ಮಾಡಿ ತನ್ನತ್ತ ನಡೆದುಬರುತ್ತಿದ್ದ. ಎದುರು ಬೆಳಕಿನ ಮೇಲಿನ ತಮ್ಮ ಮೋಹಕ್ಕೆ ಅವರು ಕೊಡುವ ಕಾರಣ ಇದು. ಕಲಾವಿದರು ತಮ್ಮ ಬಗ್ಗೆ ಕಟ್ಟಿಕೊಳ್ಳುವ ಕಥೆಗಳನ್ನು ಪೂರ್ತಿ ನಂಬಬೇಕಿಲ್ಲ, ಆದರೆ ಈ ಕಥೆಗೆ ಅವರ ಚಿತ್ರಗಳೇ ಸಾಕ್ಷಿ. ಫೋಟೊ ಸ್ಟುಡಿಯೊಗಳಲ್ಲಿ ಕಲಿಸುವ ಮೊದಲ ಪಾಠ ಬೆಳಕು ಬೆನ್ನ ಹಿಂದಿರಲಿ ಎಂಬುದು. ಸಲ್ಗಾಡೊ ಜೀವಮಾನವಿಡೀ ಅದನ್ನು ಉಲ್ಲಂಘಿಸುತ್ತಲೇ ಬಂದರು.

ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದವರು ಹೆಂಡತಿ ಲೆಲಿಯಾ ಕೊಂಡ ಕ್ಯಾಮೆರಾ ಎತ್ತಿಕೊಂಡು, 1973ರಲ್ಲಿ ನೌಕರಿಯನ್ನೇ ಬಿಟ್ಟರು. (ಕಾಫಿ ಅವರನ್ನು ಬಿಡಲಿಲ್ಲ. ಹತ್ತು ದೇಶಗಳ ಕಾಫಿ ತೋಟಗಳ ಕುರಿತ ಅವರ 2015ರ ಪುಸ್ತಕದಲ್ಲಿ ಭಾರತವೂ ಇದೆ. ಮಲೆನಾಡಿನ ಓದುಗರು ಹುಡುಕಿ ನೋಡಬಹುದು.) ಬ್ರೆಜಿಲ್‌ನ ಸೆರಾ ಪೆಲಾಡಾದ ಚಿನ್ನದ ಗುಂಡಿಯಲ್ಲಿ ಮಣ್ಣು ಹೊತ್ತು ಏಣಿ ಹತ್ತುವ ಸಾವಿರಾರು ಜನರನ್ನು ಅವರು 1986ರಲ್ಲಿ ತೆಗೆದ ಚಿತ್ರಗಳು ಎಲ್ಲರಿಗೂ ಗೊತ್ತು. ನಂತರ ರುವಾಂಡಾ. 1994ರ ಆ ಕಗ್ಗೊಲೆಯನ್ನು ನೋಡಿ ಮನಸ್ಸು, ಮೈ ಎರಡೂ ಕುಸಿದು ಊರಿಗೆ ಮರಳಿದರೆ ಅಪ್ಪನ ಜಮೀನೂ ಬೋಳಾಗಿತ್ತು. ಬಾಲ್ಯದಲ್ಲಿ ಅರ್ಧಕ್ಕೂ ಹೆಚ್ಚು ಕಾಡಿದ್ದ ನೆಲದಲ್ಲಿ ಲೆಕ್ಕಕ್ಕೆ ಸಿಗುವಷ್ಟೂ ಮರ ಉಳಿದಿರಲಿಲ್ಲ. ಮತ್ತೆ ಕಾಡು ನೆಡೋಣ ಎಂದದ್ದು ಲೆಲಿಯಾ. 1998ರಲ್ಲಿ ‘ಇನ್‌ಸ್ಟಿಟ್ಯೂಟೊ ಟೆರಾ’ ಹುಟ್ಟಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸಸಿಗಳು ನೆಲ ಸೇರಿದವು, ಬತ್ತಿದ ಒರತೆಗಳಲ್ಲಿ ನೀರು ಬಂತು. ‘ಜೆನೆಸಿಸ್’ ಮೊಳೆತದ್ದು ಆ ಕಾಡಿನಲ್ಲಿ: ಕೆಟ್ಟದ್ದನ್ನು ಕಂಡಾಯಿತು, ಇನ್ನು ಕೆಡದೆ ಉಳಿದದ್ದನ್ನು ನೋಡೋಣ ಎಂಬ ಹಟ.

ಆ ಹಟದ ಮೊದಲ ಫಲ ಗಲಪಗೋಸ್ ದ್ವೀಪದ ಆಮೆ. ನಿಂತು ನೋಡಿದರೆ ದೈತ್ಯ ಆಮೆ ಸರಿದು ಹೋಗುತ್ತಿತ್ತಂತೆ. ಸಲ್ಗಾಡೊ ಮಂಡಿಯೂರಿ ಅದರ ಎತ್ತರಕ್ಕೆ ಇಳಿದರು, ಅದು ಮುಂದೆ ಬಂದಾಗ ತಾವು ಹಿಂದೆ ಸರಿದು ಭಯವಿಲ್ಲವೆಂದು ತಿಳಿಸಿದರು. ಅಲ್ಲಿಯೇ ತೆಗೆದ ಸಮುದ್ರ ಇಗ್ವಾನಾದ ಮುಂಗಾಲಿನ ಚಿತ್ರ ಇಡೀ ಪುಸ್ತಕದ ಅತ್ಯುತ್ತಮ ಪುಟವೆಂದು ನನ್ನ ಅಭಿಪ್ರಾಯ. ಐದು ಬೆರಳು, ಚಿಪ್ಪು ಚಿಪ್ಪಾದ ಚರ್ಮ. ಮಧ್ಯಯುಗದ ಯೋಧನ ಕಬ್ಬಿಣದ ಕೈಗವಸು ಕಂಡಂತಾಯಿತೆಂದು ಅವರೇ ಹೇಳಿದ್ದುಂಟು. ಇಲ್ಲಿ ಆಕಾಶವಿಲ್ಲ, ಮೋಡದಿಂದ ಇಳಿಯುವ ಬೆಳಕಿನ ಕೋಲುಗಳಿಲ್ಲ, ಮಹತ್ತೆಂದು ಸಾರುವ ಸನ್ನೆ ಒಂದೂ ಇಲ್ಲ. ಹಲ್ಲಿಯ ಕೈ ನಮ್ಮ ಕೈಯ ಬಂಧುವೆಂದು ಕಣ್ಣಿಗೆ ತಾನೇ ಹೊಳೆಯುತ್ತದೆ.

ಹೀಗೆ ಹತ್ತಿರ ಹೋದಾಗ ಅವರು ನನಗೆ ಹೆಚ್ಚು ಇಷ್ಟ; ದೂರ ನಿಂತಾಗ ಅವರ ಕಸುಬು ಹೆಚ್ಚು ಕಾಣುತ್ತದೆ. ಅಲಾಸ್ಕದ ಬ್ರೂಕ್ಸ್ ಶ್ರೇಣಿಯ 2009ರ ಚಿತ್ರವನ್ನೇ ನೋಡಿ. ಎರಡೂ ಕಡೆ ಕಡಿದಾದ ಬೆಟ್ಟ, ನಡುವೆ ಎಳೆ ಎಳೆಯಾಗಿ ಸೀಳಿದ ನದಿ, ಮೋಡದ ಸಂದಿಯಿಂದ ಕಣಿವೆಗೆ ಬೀಳುವ ಬೆಳಕು. ಇದು ಡಿಜಿಟಲ್ ಕ್ಯಾಮೆರಾದ್ದು. ಪ್ರಿಂಟ್ ತೆಗೆಯುವಾಗ ಕಾಗದದ ಒಂದು ಭಾಗಕ್ಕೆ ಬೆಳಕು ತಡೆದು, ಮತ್ತೊಂದಕ್ಕೆ ಹೆಚ್ಚು ಉಣಿಸಿ ಕಪ್ಪುಬಿಳುಪನ್ನು ಹದಗೊಳಿಸುವ ಹಳೆಯ ವಿದ್ಯೆ ಅದರಲ್ಲಿ ಮೈತುಂಬಿ ನಿಂತಿದೆ. 2005ರಲ್ಲಿ ಅಂಟಾರ್ಕ್ಟಿಕಾದ ಬಳಿ ತೆಗೆದ, ಕೋಟೆಯ ಬುರುಜು ಹೊತ್ತಂತಿರುವ ಹಿಮಗಡ್ಡೆ ಫಿಲ್ಮಿನದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಕೈಯ ಕೆಲಸ. ನಮ್ಮ ಮನೆಗಳಲ್ಲಿ ರುಬ್ಬುವ ಕಲ್ಲು ಹೋಗಿ ಮಿಕ್ಸಿ ಬಂದ ಮೇಲೂ ಚಟ್ನಿಯ ರುಚಿ ಅಮ್ಮನ ಕೈಯದಾಗಿಯೇ ಉಳಿದ ಹಾಗೆ.

ಕ್ಯಾಮೆರಾ ಬದಲಿಸಿದ್ದಕ್ಕೆ ಕಾರಣ ತಾತ್ವಿಕವೇನಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನ ನಿಲ್ದಾಣಗಳಲ್ಲಿ ಎಕ್ಸ್-ರೇ ತಪಾಸಣೆ ಬಿಗಿಯಾಯಿತು. ನೂರಾರು ರೋಲು ಹೊತ್ತು ನಾಲ್ಕಾರು ನಿಲ್ದಾಣ ದಾಟುವಷ್ಟರಲ್ಲಿ ಫಿಲ್ಮಿನ ಬೂದುಛಾಯೆಗಳು ಮಸುಕಾಗುತ್ತಿದ್ದವು, ಕೈಯಲ್ಲೇ ಪರೀಕ್ಷಿಸಿ ಎಂದು ಪ್ರತಿ ಕಡೆಯೂ ಗೋಗರೆಯಬೇಕಿತ್ತು. ಮೆಮೊರಿ ಕಾರ್ಡಿಗೆ ಆ ಭಯವಿಲ್ಲ, ಜೇಬಿನಲ್ಲಿ ಹಿಡಿಸುತ್ತದೆ. ಇಥಿಯೋಪಿಯಾದ ಲಾಲಿಬೆಲಾದಿಂದ ಸಿಮಿಯೆನ್ ಬೆಟ್ಟಗಳವರೆಗೆ ಸುಮಾರು 850 ಕಿ.ಮೀ. ಕತ್ತೆಗಳ ಜೊತೆ ಕಾಲ್ನಡಿಗೆಯಲ್ಲಿ ಹೋದವರಿಗೆ ಹೊರೆ ಇಳಿಯುವುದು ಸಣ್ಣ ಮಾತಲ್ಲ.

ಕ್ಯಾಮೆರಾ ಬದಲಾದರೂ ಆಯ್ಕೆಯ ಕ್ರಮ ಬದಲಾಗಲಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಚಿತ್ರ ಆರಿಸಲು ಅವರು ಒಪ್ಪಲಿಲ್ಲ. ಫೈಲುಗಳನ್ನು ಕಾಂಟ್ಯಾಕ್ಟ್ ಶೀಟಿನಂತೆ ಕಾಗದದ ಮೇಲೆ ಅಚ್ಚು ಹಾಕಿಸಿ, ಭೂತಗನ್ನಡಿ ಇಟ್ಟು ನೋಡಿ ಗುರುತು ಹಾಕುತ್ತಿದ್ದರು. ಇದರಲ್ಲಿ ಮುದುಕರ ಹಟಕ್ಕಿಂತ ಹೆಚ್ಚಿನದೇನೋ ಇದೆ. ತೆಗೆದದ್ದನ್ನು ತಕ್ಷಣ ನೋಡಿ ಅಳಿಸುವ ಸೌಲಭ್ಯ ಬಂದ ಮೇಲೆ, ತಪ್ಪಿದ ಚಿತ್ರದೊಳಗೆ ಅಡಗಿದ ಒಳ್ಳೆಯ ಚಿತ್ರವನ್ನು ಕಾಲಾಂತರದಲ್ಲಿ ಕಂಡುಕೊಳ್ಳುವ ಅವಕಾಶ ಹೋಯಿತು. ಕಾಗದ ಅದನ್ನು ಉಳಿಸಿಕೊಡುತ್ತದೆ.

ಆದರೆ ಮೊಬೈಲ್ ಚಿತ್ರಗಳ ಬಗ್ಗೆ ಅವರು ಆಡಿದ ಮಾತನ್ನು ನಾನು ಒಪ್ಪಲಾರೆ. ಫೋನಿನಲ್ಲಿ ತೆಗೆದು ಹಂಚುವುದು ಫೋಟೊಗ್ರಫಿಯಲ್ಲ, ಅದು ಮಾತುಕತೆಯ ಒಂದು ಬಗೆ. ಫೋಟೊ ಎಂದರೆ ಕೈಯಲ್ಲಿ ಹಿಡಿಯುವ, ಆಲ್ಬಮ್ಮಿನಲ್ಲಿ ಇಡುವ, ನೆನಪನ್ನು ಹೊರುವ ವಸ್ತು ಎಂಬುದು ಅವರ ನಿಲುವು. ಆಲ್ಬಮ್ ಇದ್ದ ಮನೆಗಳಿಗೆ ಈ ಮಾತು ಸರಿ. ಮದುವೆಯ ಒಂದೇ ಒಂದು ಗ್ರೂಪ್ ಫೋಟೊ ಬಿಟ್ಟರೆ ಅಜ್ಜಿಯ ಮುಖ ಎಲ್ಲಿಯೂ ಉಳಿಯದ ಮನೆಗಳೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ನೆನಪು ಮೊದಲ ಬಾರಿ ದಕ್ಕಿದ್ದು ಫೋನಿನಲ್ಲೇ. ಭೂದೃಶ್ಯದ ಕಪ್ಪುಬಿಳುಪಿನಲ್ಲಿ ಎಲ್ಲರಿಗೂ ಹಿರಿಯರಾದ ಆನ್ಸೆಲ್ ಆಡಮ್ಸ್, ಡಾರ್ಕ್‌ರೂಮಿನಲ್ಲೇ ಬದುಕು ಸವೆಸಿದರೂ, 1981ರಷ್ಟು ಹಿಂದೆಯೇ ಇಲೆಕ್ಟ್ರಾನಿಕ್ ಚಿತ್ರದ ದಿನಗಳನ್ನು ಆಸೆಯಿಂದ ಎದುರುನೋಡಿದ್ದರು. ಸಲ್ಗಾಡೊ ಯಂತ್ರವನ್ನು ಸ್ವೀಕರಿಸಿ, ಅದರ ಜೊತೆ ಬಂದ ಕಾಲವನ್ನು ಮಾತ್ರ ಹೊಸಿಲಾಚೆ ನಿಲ್ಲಿಸಿದರು.

ಕಾಲವನ್ನು ಹೀಗೆ ನಿಲ್ಲಿಸುವುದೇ ‘ಜೆನೆಸಿಸ್’ನ ದೊಡ್ಡ ತಿದ್ದುಪಡಿ. ದಕ್ಷಿಣ ಸುಡಾನಿನ ಡಿಂಕಾ ಜನರ ದನದ ಹಟ್ಟಿಯ ಚಿತ್ರ 2006ರದು. ಸೊಳ್ಳೆ ಓಡಿಸಲು ಉರಿಸಿದ ಬೆರಣಿಯ ಹೊಗೆ, ಹೊಗೆಯೊಳಗೆ ಅಡವಿಯಂತೆ ಎದ್ದ ಉದ್ದ ಕೊಂಬುಗಳು, ಬೂದಿ ಬಳಿದ ಮೈಗಳು. ಸೃಷ್ಟಿಯ ಮೊದಲ ಮುಂಜಾವಿನಂತಿದೆ. ಆದರೆ 1983ರಲ್ಲಿ ಶುರುವಾದ ಅಂತರ್ಯುದ್ಧ ಅಲ್ಲಿ ನಿಂತು ಒಂದು ವರ್ಷವಷ್ಟೇ ಆಗಿತ್ತು. ಈ ಜನ ಆದಿಕಾಲದಲ್ಲಿ ಉಳಿದವರಲ್ಲ, ಇಪ್ಪತ್ತನೆಯ ಶತಮಾನದ ಕ್ರೂರ ಯುದ್ಧವೊಂದರಿಂದ ಈಗಷ್ಟೇ ಹೊರಬಂದವರು. ಸೈಬೀರಿಯಾದ ಯಮಾಲ್‌ನಲ್ಲಿ ಹಿಮಸಾರಂಗ ಅಟ್ಟಿಕೊಂಡು ಹಿಮದಲ್ಲಿ ನಡೆವ ನೆನೆಟ್ಸರ ಚಿತ್ರಗಳು 2011ರವು. ಮರುವರ್ಷವೇ ಅದೇ ಪರ್ಯಾಯ ದ್ವೀಪದ ಬೊವಾನೆಂಕೊವೊ ನಿಕ್ಷೇಪದಿಂದ ಅನಿಲ ಹರಿಯಲಾರಂಭಿಸಿತು. ಬ್ರೆಜಿಲ್‌ನ ಝೊಯೆ ಜನರನ್ನು ಸಲ್ಗಾಡೊ 2009ರಲ್ಲಿ ಹೊರಜಗತ್ತು ಮುಟ್ಟದವರೆಂಬಂತೆ ತೋರಿಸಿದರು. ಅದಕ್ಕೆ ಹದಿನಾರು ವರ್ಷ ಮೊದಲೇ, 1993ರಲ್ಲಿ, ವಯಾಂಪಿ ಎಂಬ ಇನ್ನೊಂದು ಬುಡಕಟ್ಟಿನವರು ಝೊಯೆಗಳನ್ನು ಕಾಣಲು ಹೋಗಿ ವಿಡಿಯೊ ಕ್ಯಾಮೆರಾದಲ್ಲಿ ಅವರನ್ನು ಚಿತ್ರಿಸಿಕೊಂಡ ಸಾಕ್ಷ್ಯಚಿತ್ರವೇ ಬಂದಿತ್ತು. ಕ್ಯಾಮೆರಾ ಹಿಡಿದ ಆದಿವಾಸಿ ‘ಜೆನೆಸಿಸ್’ನ ಚೌಕಟ್ಟಿಗೆ ಒಗ್ಗುವುದಿಲ್ಲ.

ಸೌಂದರ್ಯವೇ ನೋವನ್ನು ಮಂಕಾಗಿಸುತ್ತದೆಂದು 1991ರಲ್ಲಿ ವಿಮರ್ಶಕಿ ಇಂಗ್ರಿಡ್ ಸಿಶಿ ‘ನ್ಯೂಯಾರ್ಕರ್’ನಲ್ಲಿ ಸಲ್ಗಾಡೊ ಮೇಲೆ ಹರಿಹಾಯ್ದಿದ್ದರು. ಲೇಖಕಿ ಸೂಸನ್ ಸೊಂಟಾಗ್ 2003ರಲ್ಲಿ ಎತ್ತಿದ ಪ್ರಶ್ನೆ ಇದಕ್ಕಿಂತ ಮೊನಚು: ಸಲ್ಗಾಡೊ ತೆಗೆದ ವಲಸಿಗರ ಚಿತ್ರಗಳ ಅಡಿಬರಹದಲ್ಲಿ ಆ ಜನರ ಹೆಸರೇಕಿಲ್ಲ? ಸಿಶಿಯವರ ಆಕ್ಷೇಪ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚೆನ್ನಾಗಿ ಕಾಣುವ ಹಕ್ಕು ಬಡವರಿಗೂ ಇದೆ. ಸೊಂಟಾಗ್ ಪ್ರಶ್ನೆಯಿಂದ ಮಾತ್ರ ತಪ್ಪಿಸಿಕೊಳ್ಳಲಾಗದು. ‘ಜೆನೆಸಿಸ್’ನಲ್ಲಿ ಅಡಿಬರಹಗಳು ಚಿತ್ರದ ಕೆಳಗೂ ಇಲ್ಲ, ಪ್ರತ್ಯೇಕ ಪುಸ್ತಿಕೆಯೊಂದಕ್ಕೆ ಹೋಗಿವೆ. ಆ ಪುಸ್ತಿಕೆ ತೆರೆಯದೆ ಪುಟ ತಿರುವಿದವರಿಗೆ ದೇಶ, ವರ್ಷ ಯಾವುದೂ ತಿಳಿಯುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಈ ಯೋಜನೆಗೆ ಹಣ ಕೊಟ್ಟವರಲ್ಲಿ ಬ್ರೆಜಿಲ್‌ನ ಕಬ್ಬಿಣದ ಗಣಿ ಕಂಪನಿ ವಾಲೆ ಪ್ರಮುಖ. ಬಳ್ಳಾರಿ, ಸಂಡೂರಿನ ಕೆಂಪು ದೂಳು ಕಂಡ ನಮಗೆ ಈ ನಂಟು ಕಸಿವಿಸಿ ತರುತ್ತದೆ. 2015ರ ನವೆಂಬರ್‌ನಲ್ಲಿ, ವಾಲೆ ಪಾಲುದಾರನಾಗಿದ್ದ ಸಮಾರ್ಕೊ ಕಂಪನಿಯ ಗಣಿತ್ಯಾಜ್ಯದ ಕಟ್ಟೆ ಮರಿಯಾನಾದಲ್ಲಿ ಒಡೆದು 19 ಜನ ಸತ್ತರು. ಆ ಕೆಸರು ರಿಯೊ ಡೋಸೆ ನದಿಗುಂಟ ಅಟ್ಲಾಂಟಿಕ್ ಸಾಗರದವರೆಗೂ ಹರಿಯಿತು. ಸಲ್ಗಾಡೊ ಹುಟ್ಟಿದ ಐಮೊರೆಸ್ ಇರುವುದು ಅದೇ ನದಿಯ ದಡದಲ್ಲಿ. ಕಾಡು ಬೆಳೆಸಿದ ಕೈಗಳ ಶ್ರದ್ಧೆಯನ್ನು ನಾನು ಸಂಶಯಿಸುವುದಿಲ್ಲ. ಆದರೆ ಭೂಮಿಯ ಅರ್ಧದಷ್ಟು ಇನ್ನೂ ಕೆಡದೆ ಉಳಿದಿದೆ ಎಂದು ಸಾರುವ ಚಿತ್ರಮಾಲೆಗೆ ಗಣಿ ಕಂಪನಿ ಏಕೆ ಸಂತೋಷದಿಂದ ಹಣ ಕೊಟ್ಟೀತು ಎಂಬುದಕ್ಕೆ ಉತ್ತರ ಕಷ್ಟವಲ್ಲ.

2021ರ ‘ಅಮೆಜೋನಿಯಾ’ ಚಿತ್ರಮಾಲೆಯಲ್ಲಿ ಸಲ್ಗಾಡೊ ಕೆಲವು ಟೀಕೆಗಳನ್ನಾದರೂ ಕೇಳಿಸಿಕೊಂಡಂತೆ ಕಾಣುತ್ತದೆ. ಅಲ್ಲಿನ ಭಾವಚಿತ್ರಗಳಿಗೆ ಹೆಸರುಗಳಿವೆ. ಡಿಜಿಟಲ್‌ನಿಂದ ನಿಜವಾದ ಲಾಭವೂ ಅಲ್ಲಿ ಆಯಿತು: ಅದುರುವ ಹೆಲಿಕಾಪ್ಟರಿನಿಂದ, ಮಳೆಗಾಲದ ಮಬ್ಬಿನಲ್ಲಿ ಕಾಡಿನ ಮೇಲೆ ತೇಲುವ ಆವಿಯ ನದಿಗಳನ್ನು ಹಿಡಿಯಲು ಹಳೆಯ ರೋಲಿಗೆ ಅಷ್ಟು ಸೂಕ್ಷ್ಮತೆ ಇರಲಿಲ್ಲ. ಅಷ್ಟಾದರೂ ಕಡಿದ, ಸುಟ್ಟ, ಅಗೆದ ಅಮೆಜಾನನ್ನು ಅವರು ಬೇಕೆಂದೇ ಹೊರಗಿಟ್ಟರು. ಉಳಿದದ್ದನ್ನು ತೋರಿಸಿದರೆ ಉಳಿಸುವ ಮನಸ್ಸು ಬಂದೀತು ಎಂಬ ಆ ನಂಬಿಕೆಯೊಂದಿಗೇ 2025ರ ಮೇ ತಿಂಗಳಲ್ಲಿ ತೀರಿಕೊಂಡರು. ‘ಅಮೆಜೋನಿಯಾ’ದ ಪ್ರದರ್ಶನದಲ್ಲಿ ಆದಿವಾಸಿ ನಾಯಕರ ಮಾತುಗಳ ವಿಡಿಯೊಗಳಿದ್ದವು. ತಮ್ಮ ನೆಲಕ್ಕೆ ನುಗ್ಗುವವರ ಬಗ್ಗೆ, ಚಿನ್ನದ ಗಣಿಗಳ ಬಗ್ಗೆ ಅವರು ನೇರವಾಗಿ ಮಾತಾಡುತ್ತಾರೆ. ಸಲ್ಗಾಡೊ ಚಿತ್ರಗಳಲ್ಲಿ ಆ ಗಣಿಗಳಿಲ್ಲ.