ನಾಮಿನಿಯ ಕೈಗೆ ಬಂದ ಹಣ ಯಾರದು?

ವಿಮಾ ಪಾಲಿಸಿಯ ಅರ್ಜಿಯಲ್ಲಿ ಎಲ್ಲಕ್ಕಿಂತ ಬೇಗ ತುಂಬಿ ಮುಗಿಯುವುದು ನಾಮಿನಿಯ ಕಾಲಂ. ಹೆಸರು, ಸಂಬಂಧ, ವಯಸ್ಸು, ಅಷ್ಟೆ. ಮದುವೆಯಾಗದ ಹುಡುಗ "ಅಮ್ಮನ ಹೆಸರು ಹಾಕಿ" ಅನ್ನುತ್ತಾನೆ, ಏಜೆಂಟರು ಬರೆದುಕೊಂಡು ಪುಟ ತಿರುವುತ್ತಾರೆ. ಈ ಹೆಸರು ಯಾಕೆ ಬೇಕು ಎಂದು ಕೇಳಿದರೆ ಹುಡುಗನೂ ಏಜೆಂಟರೂ ಒಂದೇ ಉತ್ತರ ಕೊಟ್ಟಾರು: ನನಗೇನಾದರೂ ಆದರೆ ದುಡ್ಡು ಅಮ್ಮನಿಗೆ. ನಮ್ಮ ಎಷ್ಟೋ ಮನೆಗಳಲ್ಲಿ ನಂಬಿಕೆ ಇದೇ. ಈ ನಂಬಿಕೆಗೆ ಕಾನೂನಿನಲ್ಲಿ ಆಧಾರ ತೀರಾ ತೆಳು. ಅದಕ್ಕಿಂತ ನನ್ನನ್ನು ಕಾಡುವುದು, ಆ ಆಧಾರ ತೆಳುವಾಗಿದೆ ಎಂಬುದನ್ನು ಸಹಿ ಹಾಕುವವನಿಗೆ ಯಾರೂ ಹೇಳದೇ ಇರುವುದು.

ಈ ವಿಷಯದ ಮೂಲ ತೀರ್ಪನ್ನು ಬರೆದವರು ಮಂಡ್ಯ ಜಿಲ್ಲೆಯಿಂದ ಹೋಗಿ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ. 1983ರ ಸರಬತಿ ದೇವಿ–ಉಷಾ ದೇವಿ ಪ್ರಕರಣ. ಗಂಡ ತಲಾ 10,000 ರೂಪಾಯಿಯ ಎರಡು ಪಾಲಿಸಿ ಮಾಡಿಸಿ ಹೆಂಡತಿಯನ್ನು ನಾಮಿನಿ ಮಾಡಿದ್ದರು. ಉಯಿಲು ಬರೆಯದೆ ತೀರಿಕೊಂಡರು. ಹಿಂದೆ ಉಳಿದವರು ತಾಯಿ, ಹೆಂಡತಿ, ಮಗ. ಹಣವೆಲ್ಲ ತನ್ನದೇ ಎಂದರು ಹೆಂಡತಿ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1938ರ ವಿಮಾ ಕಾಯ್ದೆಯ 39ನೇ ಕಲಂ ಹೇಳುವುದು ಕಂಪನಿ ಯಾರ ಕೈಗೆ ಹಣ ಕೊಟ್ಟರೆ ಅದರ ಹೊಣೆ ತೀರುತ್ತದೆ ಎಂಬುದನ್ನು ಮಾತ್ರ; ಆ ಹಣ ಯಾರಿಗೆ ಸೇರಬೇಕು ಎಂಬುದನ್ನು ಉತ್ತರಾಧಿಕಾರದ ಕಾನೂನೇ ತೀರ್ಮಾನಿಸುತ್ತದೆ ಎಂದಿತು. ನಾಮಿನಿ ಪೂರ್ಣ ಒಡೆಯರೇ ಎಂದು ದೆಹಲಿ ಹೈಕೋರ್ಟ್ ಅದಕ್ಕೆ ಮೊದಲು ಹೇಳಿದ್ದ ಮಾತು ಅಲ್ಲಿಗೆ ಬಿದ್ದುಹೋಯಿತು.

ಆ ತೀರ್ಪು ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು, ಬರೆಯುವವನಿಗೆ ಸ್ವಸ್ಥ ಮನಸ್ಸು ಬೇಕು. ಏಜೆಂಟರ ಮುಂದೆ ಅವಸರದಲ್ಲಿ ತುಂಬಿದ ಒಂದು ಕಾಲಂ ಆ ಉಯಿಲಿನ ಕೆಲಸ ಮಾಡಿ, ವಯಸ್ಸಾದ ತಾಯಿಯನ್ನೂ ಎಳೆಯ ಮಗುವನ್ನೂ ಪಾಲಿನಿಂದ ಹೊರಗಿಡುವುದು ನ್ಯಾಯವಲ್ಲ. ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲೂ, ಷೇರು ಮತ್ತು ಮ್ಯೂಚುವಲ್ ಫಂಡಿನ ವಿಷಯದಲ್ಲಿ 2023ರ ಡಿಸೆಂಬರಿನಲ್ಲೂ ಸುಪ್ರೀಂ ಕೋರ್ಟ್ ಇದೇ ಜಾಡಿನಲ್ಲಿ ನಡೆಯಿತು. ಎರಡನೆಯದು 'ಕಾಲನಿರ್ಣಯ' ಕ್ಯಾಲೆಂಡರಿನ ಜಯಂತ ಸಾಳಗಾಂವಕರ್ ಅವರ ಆಸ್ತಿಯ ಪ್ರಕರಣ. ನಾಮಿನಿಗಳ ವಾದ ಅಲ್ಲೂ ನಿಲ್ಲಲಿಲ್ಲ.

ತೊಡಕು ಶುರುವಾದದ್ದು ಸಂಸತ್ತು ಇದನ್ನು ಬದಲಿಸಲು ಹೊರಟಾಗ. ಹಣ ಪಡೆದು ವಾರಸುದಾರರಿಗೆ ದಾಟಿಸುವ ನಾಮಿನಿ ಬೇರೆ, ಹಣವನ್ನು ತಾನೇ ಅನುಭವಿಸುವ ನಾಮಿನಿ ಬೇರೆ ಎಂದು ಕಾಯ್ದೆಯಲ್ಲೇ ಎರಡು ಬಗೆ ಮಾಡಿ ಎಂದು ಕಾನೂನು ಆಯೋಗ ತನ್ನ 190ನೇ ವರದಿಯಲ್ಲಿ ಸಲಹೆ ಕೊಟ್ಟಿತ್ತು. ಅರ್ಜಿ ತುಂಬುವವನಿಗೇ ಆಯ್ಕೆ ಬಿಡುವ ಒಳ್ಳೆಯ ಸಲಹೆ ಅದು. ಸಂಸತ್ತು ಅದನ್ನು ಇದ್ದಂತೆ ತೆಗೆದುಕೊಳ್ಳಲಿಲ್ಲ. 2015ರ ತಿದ್ದುಪಡಿಯಲ್ಲಿ 39ನೇ ಕಲಮಿಗೆ ಏಳನೆಯ ಉಪಕಲಂ ಸೇರಿತು: ಪಾಲಿಸಿದಾರ ತನ್ನ ತಂದೆತಾಯಿ, ಹೆಂಡತಿ ಅಥವಾ ಗಂಡ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಆ ಹಣದ ಅನುಭೋಗದ ಹಕ್ಕು ನಾಮಿನಿಯದೇ. "ಉತ್ತರಾಧಿಕಾರದ ಕಾನೂನು ಏನೇ ಹೇಳಿದರೂ" ಎಂಬ ಮಾತನ್ನು ಮಾತ್ರ ಸಂಸತ್ತು ಅಲ್ಲಿ ಸೇರಿಸಲಿಲ್ಲ. ಆ ಒಂದು ಮಾತು ಇಲ್ಲದ್ದರಿಂದ ಎಷ್ಟೋ ಮನೆಯವರು ಇವತ್ತು ಕೋರ್ಟು ಹತ್ತುವ ಹಾಗಾಗಿದೆ.

ಅಂಥ ಒಂದು ಮನೆಯ ಜಗಳ ನಮ್ಮ ಹೈಕೋರ್ಟಿನ ಧಾರವಾಡ ಪೀಠಕ್ಕೆ ಬಂತು. ಮಗ ಮದುವೆಗೆ ಮೊದಲು ಪಾಲಿಸಿ ಮಾಡಿಸಿ ತಾಯಿಯ ಹೆಸರು ಕೊಟ್ಟಿದ್ದ. ಮದುವೆಯಾಯಿತು, ಮಗುವಾಯಿತು, ಅರ್ಜಿಯಲ್ಲಿದ್ದ ಹೆಸರು ಹಾಗೇ ಇತ್ತು. ಅವನು ತೀರಿಕೊಂಡ ಮೇಲೆ ತಾಯಿ ಹೊಸ ಉಪಕಲಂ ಹಿಡಿದು ಪೂರ್ತಿ ಹಣ ಕೇಳಿದರು. 2025ರಲ್ಲಿ ನ್ಯಾಯಮೂರ್ತಿ ಅನಂತ ರಾಮನಾಥ ಹೆಗಡೆ ಅವರು ಕೊಟ್ಟ ತೀರ್ಪಿನ ಸಾರ ಇಷ್ಟು: ವಾರಸುದಾರರು ಕೇಳದಿದ್ದರೆ ಹಣ ನಾಮಿನಿಯದು; ಅವರು ಹಕ್ಕು ಕೇಳಿದರೆ ಉತ್ತರಾಧಿಕಾರದ ಕಾನೂನೇ ನಡೆಯುತ್ತದೆ. ತಾಯಿ, ಹೆಂಡತಿ, ಮಗು ಮೂವರಿಗೂ ಮೂರನೇ ಒಂದು ಪಾಲು.

ಫಲಿತಾಂಶ ನೋಡಿದರೆ ಮನಸ್ಸು ಒಪ್ಪುತ್ತದೆ. ಮೂವರೂ ಅವನನ್ನೇ ನೆಚ್ಚಿಕೊಂಡವರು, ಮೂವರಿಗೂ ಸಮಪಾಲು ಸಿಕ್ಕಿತು. ಆದರೆ ಕಾಯ್ದೆಯ ಮಾತುಗಳನ್ನು ಇಟ್ಟುಕೊಂಡು ಓದಿದರೆ ಈ ತೀರ್ಪು ಪೂರ್ತಿ ಗಟ್ಟಿಯಾಗಿ ನಿಲ್ಲುವುದಿಲ್ಲ ಎನಿಸುತ್ತದೆ. ಪಕ್ಕದ ಎಂಟನೆಯ ಉಪಕಲಂ ನೋಡಿ. ಪಾಲಿಸಿದಾರ ಸತ್ತ ಮೇಲೆ, ಹಣ ಕೈಗೆ ಬರುವ ಮುಂಚೆ ಇಂಥ ನಾಮಿನಿಯೂ ಸತ್ತರೆ, ಆ ಹಣ ಹೋಗುವುದು ನಾಮಿನಿಯ ವಾರಸುದಾರರಿಗೆ. ನಾಮಿನಿ ಬರೀ ಹಣ ದಾಟಿಸುವವರಾಗಿದ್ದರೆ ಅದು ಪಾಲಿಸಿದಾರನ ವಾರಸುದಾರರಿಗೆ ಹೋಗಬೇಕಿತ್ತಲ್ಲ? ಸಂಸತ್ತಿನ ಮನಸ್ಸಿನಲ್ಲಿ ನಾಮಿನಿಯನ್ನೇ ಒಡೆಯರನ್ನಾಗಿ ಮಾಡುವ ಉದ್ದೇಶವಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಈ ವಿಷಯದಲ್ಲಿ ಹೈಕೋರ್ಟುಗಳಲ್ಲೇ ಒಮ್ಮತವಿಲ್ಲ. ಎರಡೂ ಕಡೆ ವಾದ ಮಾಡಲು ಜಾಗ ಬಿಟ್ಟದ್ದು ಕಾಯ್ದೆ ಬರೆದವರು. ಅದನ್ನು ಅನುಭವಿಸುವವರು ಆ ತಾಯಿ ಮತ್ತು ಸೊಸೆ.

ಉತ್ತರಾಧಿಕಾರದ ಕಾನೂನಿಗೇ ಬಿಡೋಣ ಎಂದರೂ ಪ್ರಶ್ನೆ ಮುಗಿಯುವುದಿಲ್ಲ, ಏಕೆಂದರೆ ಅದು ಎಲ್ಲರಿಗೂ ಒಂದೇ ಅಲ್ಲ. ಧಾರವಾಡದ ಆ ಸಂಗತಿಯನ್ನೇ ತೆಗೆದುಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿ ಮೊದಲ ವರ್ಗದ ವಾರಸುದಾರಳು, ಹಾಗಾಗಿ ಪಾಲು ಸಿಕ್ಕಿತು. ಅದೇ ಮನೆ ಕ್ರೈಸ್ತರದ್ದಾಗಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೆ ಮೂರನೇ ಒಂದು, ಮಗುವಿಗೆ ಮೂರನೇ ಎರಡು. ಅರ್ಜಿಯಲ್ಲಿ ಹೆಸರಿದ್ದ ತಾಯಿಗೆ ಬಿಡಿಗಾಸೂ ಇಲ್ಲ. ಮುಸ್ಲಿಂ ಕುಟುಂಬವಾಗಿದ್ದರೆ ತಾಯಿಗೆ ಆರನೇ ಒಂದು, ಹೆಂಡತಿಗೆ ಎಂಟನೇ ಒಂದು. ಒಂದೇ ಕಂಪನಿ, ಒಂದೇ ಅರ್ಜಿ, ಒಂದೇ ಕಂತು ಕಟ್ಟಿದ ಮೂರು ತಾಯಂದಿರ ಮಕ್ಕಳಿಗೆ ಈ ವ್ಯತ್ಯಾಸವನ್ನು ಯಾವ ಏಜೆಂಟರು ವಿವರಿಸಿದ್ದಾರೆ?

ಕೊಟ್ಟ ಹೆಸರಿಗೇ ಹಣ ಸೇರಬೇಕೆಂದಿದ್ದರೆ ಗಟ್ಟಿಯಾದ ದಾರಿ ಇಲ್ಲದೇ ಇಲ್ಲ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 6ನೇ ಕಲಂ ಪ್ರಕಾರ ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳಿಗಾಗಿ ಪಾಲಿಸಿ ಮಾಡಿಸಿದರೆ ಅದು ಅವರ ಹೆಸರಿನ ಟ್ರಸ್ಟ್ ಆಗಿಬಿಡುತ್ತದೆ. ಆ ಹಣ ಅವನ ಆಸ್ತಿಗೆ ಸೇರುವುದೇ ಇಲ್ಲ. ಮೋಸದ ಉದ್ದೇಶ ಸಾಬೀತಾಗದ ಹೊರತು ಸಾಲ ಕೊಟ್ಟವರೂ ಮುಟ್ಟುವಂತಿಲ್ಲ. ನಾಮಿನಿಯ 39ನೇ ಕಲಂ ಇಂಥ ಪಾಲಿಸಿಗೆ ಅನ್ವಯಿಸುವುದೂ ಇಲ್ಲ. ಸಾಲ ಮಾಡಿ ಅಂಗಡಿ, ಲಾರಿ, ಬೋರ್‌ವೆಲ್ ನಡೆಸುವ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ಆಸರೆ ಬೇರೆ ಇಲ್ಲ. ಪಾಲಿಸಿ ಮಾಡಿಸುವಾಗಲೇ ಕೇಳಿ ಪಡೆಯಬೇಕು, ಆಮೇಲೆ ಮನಸ್ಸು ಬದಲಿಸಲು ಬಾರದು ಎಂಬುದು ನೆನಪಿರಲಿ. ತಾಯಿಗೆ ಮಾತ್ರ ಇದರಲ್ಲಿ ಜಾಗವಿಲ್ಲ. ಸುಮಾರು 150 ವರ್ಷ ಹಳೆಯ ಈ ಕಾಯ್ದೆಯನ್ನು ಅವಳನ್ನೂ ಸೇರಿಸಿ ತಿದ್ದಬಹುದಿತ್ತು, ಯಾರೂ ತಿದ್ದಲಿಲ್ಲ.

ಬ್ಯಾಂಕುಗಳಲ್ಲಿ ಈಗ ಗೊಂದಲ ಇನ್ನಷ್ಟು ಹೆಚ್ಚುವ ಲಕ್ಷಣವಿದೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರು ನಾಮಿನಿಗಳನ್ನು ಹೆಸರಿಸಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಶೇಕಡಾ 50, 25, 25 ಎಂದು ತನ್ನ ಕೈಯಾರೆ ಬರೆದ ಮನುಷ್ಯ ತಾನು ಆಸ್ತಿ ಹಂಚಿದೆ ಎಂದೇ ತಿಳಿಯುತ್ತಾನೆ. ಹಾಗೆ ತಿಳಿದರೆ ತಪ್ಪು ಅವನದಲ್ಲ. ವಾರಸುದಾರರೊಬ್ಬರು ಕೋರ್ಟಿಗೆ ಹೋದರೆ ಆ ಶೇಕಡಾವಾರು ಲೆಕ್ಕ ಬ್ಯಾಂಕಿನ ಕೌಂಟರಿನವರೆಗಷ್ಟೆ ನಡೆದೀತು. ಹಣ ಬೇಗ ಕೈಸೇರುತ್ತದೆ ಎಂಬುದು ನಿಜವಾದ ಅನುಕೂಲ, ಅದನ್ನು ಅಲ್ಲಗಳೆಯಲಾರೆ. ಹತ್ತು ವರ್ಷ ಯಾರೂ ಕೇಳದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿ ಸೇರುವ ಈ ದೇಶದಲ್ಲಿ ನಾಮಿನಿ ಇರಲೇಬೇಕು. ಆದರೆ ವ್ಯವಸ್ಥೆಯ ಮೊದಲ ಅನುಕೂಲ ಹಣ ಕೊಟ್ಟು ಕೈತೊಳೆದುಕೊಳ್ಳುವ ಸಂಸ್ಥೆಗೆ. ಹಣ ಪಡೆದ ವಿಧವೆ ಮಾತ್ರ ಅದಕ್ಕೆ ಲೆಕ್ಕ ಒಪ್ಪಿಸಬೇಕಾದವಳಾಗಿಯೇ ಉಳಿಯುತ್ತಾಳೆ.

ಇದನ್ನು ಸರಿಪಡಿಸಲು ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. 1952ರ ನೌಕರರ ಭವಿಷ್ಯ ನಿಧಿ ಯೋಜನೆಯಲ್ಲಿ ಮದುವೆಗೆ ಮೊದಲು ಮಾಡಿದ ನಾಮಿನೇಷನ್ ಮದುವೆಯಾದ ಕೂಡಲೇ ಅಸಿಂಧು, ಹೊಸದಾಗಿ ಬರೆದುಕೊಡಬೇಕು. ಬದುಕು ಬದಲಾದಾಗ ಕಾಗದವೂ ಬದಲಾಗಬೇಕು ಎಂಬ ವಿವೇಕ ಪಿಎಫ್ ಬರೆದವರಿಗೆ ಅಂದೇ ಇತ್ತು. ವಿಮಾ ಕಾಯ್ದೆಯಲ್ಲಿ ಈ ನಿಯಮವೊಂದು ಇದ್ದಿದ್ದರೆ ಧಾರವಾಡದ ಅತ್ತೆ ಸೊಸೆಯ ನಡುವೆ ಆ ಜಗಳಕ್ಕೆ ಕಾರಣವೇ ಇರುತ್ತಿರಲಿಲ್ಲ. ಜೊತೆಗೆ, ನಾಮಿನಿಯ ಕಾಲಮಿನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಅಚ್ಚಾಗಲಿ: "ಇಲ್ಲಿ ಹೆಸರಿಸಿದವರು ಹಣ ಪಡೆಯಬಹುದು, ವಾರಸುದಾರರ ಹಕ್ಕು ಇದರಿಂದ ಹೋಗುವುದಿಲ್ಲ." ವಿಮಾ ನಿಯಂತ್ರಣ ಪ್ರಾಧಿಕಾರವೂ ರಿಸರ್ವ್ ಬ್ಯಾಂಕೂ ಮನಸ್ಸು ಮಾಡಿದರೆ ಒಂದು ಸುತ್ತೋಲೆಯ ಕೆಲಸ.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿನಂತಿ: ಮನೆಯ ಪಾಲಿಸಿ, ಪಾಸ್‌ಬುಕ್‌ಗಳನ್ನು ಈ ವಾರವೇ ತೆಗೆದು ಯಾರ ಹೆಸರಿದೆ ನೋಡಿ, ಒಂದು ಉಯಿಲು ಬರೆದಿಡಿ. ಮುಸ್ಲಿಮರಾದರೆ ಆಸ್ತಿಯ ಮೂರನೇ ಒಂದು ಭಾಗದ ಮಿತಿಯಿದೆ, ತಿಳಿದವರನ್ನು ಕೇಳಿ ಬರೆಯಿರಿ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ಅವರ ಸಹಿಯನ್ನೂ ಹಾಕಿಸಿಕೊಂಡರೆ ಸಾಕು.